ಊಟದ ಕೋಣೆಯ ಗೋಡೆಯಿಂದಲೇ ಚಿತ್ರಪಾಠ

ಕ್ರೈಸ್ತರ ಎಷ್ಟೋ ಮನೆಗಳಲ್ಲಿ ಊಟದ ಮೇಜಿನ ಮೇಲುಗಡೆ ಯೇಸು ಶಿಲುಬೆಗೇರುವ ಮುನ್ನಾರಾತ್ರಿ ಶಿಷ್ಯರೊಂದಿಗೆ ಮಾಡಿದ ‘ಕೊನೆಯ ಭೋಜನ’ದ ಚಿತ್ರ ತೂಗಿರುತ್ತದೆ. ಮದುವೆಗೆ ಯಾರೋ ಕೊಟ್ಟದ್ದು. ಚೌಕಟ್ಟಿನ ಮೇಲೆ ಧೂಳು, ಹಿಂದೆ ಹಲ್ಲಿಯ ಸಂಸಾರ. ಮಕ್ಕಳಿಗೆ ಚಿತ್ರಕಲೆ ಕಲಿಸಲು ತರಗತಿ ಹುಡುಕುವ ಮೊದಲು ಅದನ್ನು ಕೆಳಗಿಳಿಸಿ ಒರೆಸಿ.

ಮೊದಲ ದಿನ ಪೆನ್ಸಿಲ್ ಬೇಡ, ಹತ್ತು ನಿಮಿಷ ಬರೀ ನೋಡುವುದು. ಹನ್ನೆರಡು ಶಿಷ್ಯರು ಹೇಗೆ ಕುಳಿತಿದ್ದಾರೆ? ಮೂವರು ಮೂವರಾಗಿ ನಾಲ್ಕು ಗುಂಪು. ಹಣದ ಚೀಲ ಯಾರ ಕೈಯಲ್ಲಿದೆ? ಹಣಕ್ಕಾಗಿ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನನ್ನು ಆರು ವರ್ಷದ ಮಗುವೂ ಗುರುತು ಹಿಡಿದುಬಿಡುತ್ತದೆ. ಆಮೇಲೆ ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತು ಆ ಕೈಗಳ ಭಂಗಿಯನ್ನು ಮಾಡಿ ತೋರಿಸಿ. ಎರಡನೆಯ ದಿನ ಕೈಗಳನ್ನಷ್ಟೇ ಬರೆಯಲಿ. ಮುಖ ಬರೆಯಲು ಕೂತ ಮಗು ಮೂಗಿನ ಬಳಿ ಸೋತು ಎದ್ದುಹೋಗುತ್ತದೆ, ಕೈ ಬರೆಯುವ ಮಗುವಿಗೆ ಮಾದರಿ ತನ್ನ ತೋಳಿನ ತುದಿಯಲ್ಲೇ ಇದೆ.

ಒಂಬತ್ತು ದಾಟಿದವರಿಗೆ ಒಂದು ದಾರ ಕೊಡಿ. ಚಿತ್ರದ ಚಾವಣಿಯ ತೊಲೆಗಳ ಗೆರೆ, ಗೋಡೆಯ ಪರದೆಗಳ ಮೇಲಂಚು ಎಲ್ಲವುಗಳ ಉದ್ದಕ್ಕೂ ದಾರ ಹಿಡಿದು ಎಳೆದರೆ ಅವು ಯೇಸುವಿನ ತಲೆಯ ಬಳಿ ಬಂದು ಕೂಡುತ್ತವೆ. ದೂರದ್ದು ಚಿಕ್ಕದಾಗಿ ಕಾಣುವುದೇಕೆ ಎಂಬ ಪಾಠ ಅಲ್ಲೇ ಮುಗಿಯಿತು. ಆದರೆ ಎಚ್ಚರಿಕೆ: ತಗಡಿನಲ್ಲಿ ಉಬ್ಬಿಸಿದ, ಮಿಂಚುಪುಡಿ ಬಳಿದ ಪ್ರತಿಗಳಲ್ಲಿ ಗೆರೆಗಳು ಎಲ್ಲೆಲ್ಲೋ ಹೋಗುತ್ತವೆ. ನಮ್ಮ ಮನೆಯದೂ ಅಂಥದ್ದೇ. ಲಿಯೊನಾರ್ಡೊ ದ ವಿಂಚಿ ಇಟಲಿಯ ಮಿಲಾನ್‌ನಲ್ಲಿ ಗೋಡೆಯ ಮೇಲೆ ಬರೆದ ಮೂಲದ ಒಳ್ಳೆಯ ಮುದ್ರಣವೊಂದನ್ನು ತೆಗೆಸಿಕೊಳ್ಳಬೇಕಾಯಿತು.

ಬಣ್ಣದ ಪಾಠ ಭಾನುವಾರ ಚರ್ಚಿನಲ್ಲಿ. ಈ ವಾರ ಗುರುಗಳು ತೊಟ್ಟ ಪೂಜಾವಸ್ತ್ರದ ಬಣ್ಣ ಯಾವುದು? ಮನೆಗೆ ಬಂದು ಅದನ್ನೇ ಕಲಸಬೇಕು. ಹಬ್ಬದ ಕಾಲಗಳ ನಡುವಿನ ಸಾಧಾರಣ ಕಾಲದ ಹಸಿರು ಸುಲಭ, ನಿಂಬೆಹಳದಿಗೆ ನೀಲಿ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ, ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದ ನೇರಳೆಯೇ ಕಷ್ಟ. ಕಿತ್ತಳೆಯ ಕಡೆ ವಾಲುವ ಕೆಂಪಿಗೆ ನೀಲಿ ಸೇರಿಸಿದರೆ ಕೆಸರು ಸಿಗುತ್ತದೆಯೇ ಹೊರತು ನೇರಳೆಯಲ್ಲ. ಕ್ರಿಮ್ಸನ್ ಕೆಂಪಿಗೆ ಅಲ್ಟ್ರಾಮರೀನ್ ನೀಲಿ ಬೇಕು. ಕೆಸರು ಆಗಲಿ ಬಿಡಿ, ಅದನ್ನು ಗೋದಲಿಯ, ಎಂದರೆ ಕ್ರಿಸ್ಮಸ್‌ಗೆ ಬೊಂಬೆಗಳಿಟ್ಟು ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯ, ಗುಡ್ಡಕ್ಕೆ ಬಳಿಯಬಹುದು. ಅದೇ ಕ್ರಿಮ್ಸನ್‌ಗೆ ಬಿಳಿ ಬೆರೆಸಿದರೆ ಆಗಮನ ಕಾಲದ ಮೂರನೆಯ ಭಾನುವಾರದ ಗುಲಾಬಿ. ಇಪ್ಪತ್ತನಾಲ್ಕು ಬಣ್ಣಗಳ ಡಬ್ಬಿ ಕೊಳ್ಳಬೇಡಿ. ನಾಲ್ಕು ಪೋಸ್ಟರ್ ಬಣ್ಣ, ಎರಡು ಕುಂಚ, ಒಂದು ಹಳೆಯ ತಟ್ಟೆ ಸಾಕು.

ಮಂಗಳೂರಿನ ಕಡೆಯವರಾದರೆ, ಅಥವಾ ಅತ್ತ ಹೋದಾಗ, ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ಮಕ್ಕಳನ್ನು ಕರೆದೊಯ್ಯಿರಿ. ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಂಘಕ್ಕೆ ಸೇರಿದ ಇಟಲಿಯ ಬ್ರದರ್ ಆಂಟೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಒಳಗನ್ನೆಲ್ಲ ಚಿತ್ರಗಳಿಂದ ತುಂಬಿದರು. ಎಲ್ಲವನ್ನೂ ತೋರಿಸಲು ಹೋದರೆ ಕತ್ತು ನೋಯುತ್ತದೆ, ಒಂದೇ ಒಂದು ಮೂಲೆ ಆರಿಸಿಕೊಳ್ಳಿ. ಚಾವಣಿಯದು ಬಟ್ಟೆಯ ಮೇಲಿನ ತೈಲವರ್ಣ. ಗೋಡೆಯ ಹಸಿಚಿತ್ರಗಳ ಕೆಲಸವೇ ಬೇರೆ. ಸುಣ್ಣದ ಗಾರೆ ಹಸಿಯಿರುವಾಗಲೇ ಬಣ್ಣ ಹಚ್ಚಬೇಕು, ಒಣಗುತ್ತಾ ಗಾರೆ ಬಣ್ಣವನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ಒಂದು ದಿನಕ್ಕೆ ಆಗುವಷ್ಟೇ ಗಾರೆ ಮೆತ್ತುವುದು. ಲಿಯೊನಾರ್ಡೊ ಆ ಅವಸರ ಬೇಡವೆಂದು ಒಣಗೋಡೆಯ ಮೇಲೆ ಬರೆದ. ಅವನು ಬದುಕಿರುವಾಗಲೇ ಚಿತ್ರ ಹಾಳಾಗತೊಡಗಿತು. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಆದ್ದರಿಂದ ಮನೆಯಲ್ಲಿ ದಪ್ಪ ಕಾಗದವನ್ನು ಒದ್ದೆ ಮಾಡಿಕೊಟ್ಟು, ಒಣಗುವುದರೊಳಗೆ ಒಂದು ಹೂವು ಮುಗಿಸಲು ಹೇಳಿ. ಆತುರ ಮಕ್ಕಳಿಗೆ ಇಷ್ಟ.

ಡಿಸೆಂಬರ್ ಬಂತೆಂದರೆ ಗೋದಲಿ. ಅಂಗಡಿಯ ಬೊಂಬೆಗಳ ಜೊತೆ ಒಂದಾದರೂ ಮಗುವಿನ ಕೈಯದಿರಲಿ. ಕುಂಬಾರರ ಮಣ್ಣು ತಂದು ರೊಟ್ಟಿಹಿಟ್ಟಿನ ಹದಕ್ಕೆ ನಾದಿ. ನಿಂತ ಪ್ರಾಣಿಯ ಕಾಲು ಮುರಿಯುತ್ತದೆ, ಹಸುವನ್ನು ಮಲಗಿಸಿಬಿಡಿ. ಕಿವಿ, ಬಾಲ ಅಂಟಿಸುವಲ್ಲಿ ಎರಡೂ ಕಡೆ ಗೀರಿ, ಮಣ್ಣನ್ನೇ ನೀರಿನಲ್ಲಿ ಕದಡಿ ಹಚ್ಚಿ, ನೆರಳಿನಲ್ಲಿ ಒಣಗಿಸಿ. ಬಿಸಿಲಿಗಿಟ್ಟರೆ ಬಿರುಕು ಖಂಡಿತ. ಹಬ್ಬಕ್ಕೆ ಹತ್ತು ದಿನ ಮುಂಚೆ ತಟ್ಟೆಯಲ್ಲಿ ರಾಗಿ ಚೆಲ್ಲಿದರೆ ಬೆತ್ಲೆಹೇಮಿಗೆ ಹಸಿರು ಹುಲ್ಲು. ಸಿಮೆಂಟ್ ಚೀಲದ ಕಾಗದ ಮುದುಡಿದರೆ ಬಂಡೆ. ಯೇಸುವಿನ ತಾಯಿ ಮರಿಯಮ್ಮನಿಗೆ ಮಗು ಸೀರೆ ಉಡಿಸಿದರೆ ತಿದ್ದಬೇಡಿ. ಗೋವಾದಲ್ಲಿ ಹುಟ್ಟಿದ ಆಂಜೆಲೊ ದ ಫೊನ್ಸೆಕಾ ಕಳೆದ ಶತಮಾನದಲ್ಲೇ ಸೀರೆಯುಟ್ಟ ಮರಿಯಮ್ಮನನ್ನು ಬರೆದು ಸಾಕಷ್ಟು ಬೈಸಿಕೊಂಡಿದ್ದಾರೆ. ಬೈಗುಳದ ಪಾಲು ಆಗಲೇ ಮುಗಿದಿದೆ.

ಚಿತ್ರ ಮುಗಿದಾಗ ‘ಇದೇನು?’ ಎಂದು ಕೇಳಬೇಡಿ, ಮಗುವಿನ ಮುಖ ಬಾಡುತ್ತದೆ. ‘ಇಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳಿ, ಉತ್ತರವನ್ನು ಅದರ ಮಾತಿನಲ್ಲೇ ಹಾಳೆಯ ಹಿಂದೆ ತಾರೀಖಿನೊಂದಿಗೆ ಬರೆದಿಡಿ. ನನ್ನ ಮಗಳು ಐದು ವರ್ಷದವಳಿದ್ದಾಗ ಬರೆದ ಕೊನೆಯ ಭೋಜನದಲ್ಲಿ ಹದಿನಾಲ್ಕು ಮಂದಿ ಇದ್ದಾರೆ. ಹಿಂದೆ ನನ್ನ ಕೈಬರಹ: ‘ಬಡಿಸಲು ಅಜ್ಜಿ ಬಂದಿದ್ದಾರೆ.’