ಆಷಾಢದಲ್ಲೂ ಒಂದನೇ ತಾರೀಖು ಸಂಬಳ: ಒಬ್ಬ ಮದುವೆ ಫೋಟೋಗ್ರಾಫರ್ ಲೆಕ್ಕ

ಮದುವೆ ಫೋಟೋ, ವಿಡಿಯೋ ಮಾಡುವ ನಮ್ಮವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಐಟಿಆರ್ ಅಂದರೇನು, ಜಿಎಸ್‌ಟಿ ಅಂದರೇನು ಎಂದು ಶುರು ಮಾಡಿದರೆ ನೀವು ಓದಲ್ಲ, ನನಗೂ ಬರೆಯೋಕೆ ಬೇಜಾರು. ನೇರವಾಗಿ ವಿಷಯಕ್ಕೆ ಬರುತ್ತೇನೆ. 2023ರ ಏಪ್ರಿಲ್‌ನಿಂದ ನಾನು ಪ್ರತಿ ತಿಂಗಳು ಒಂದನೇ ತಾರೀಖು ನನಗೆ ನಾನೇ ಸಂಬಳ ಹಾಕಿಕೊಳ್ಳುತ್ತಿದ್ದೇನೆ. ಆಷಾಢದಲ್ಲೂ, ಪಿತೃಪಕ್ಷದಲ್ಲೂ, ಧನುರ್ಮಾಸದಲ್ಲೂ. ಒಂದು ತಿಂಗಳೂ ತಪ್ಪಿಲ್ಲ.

ಶುರು ಮಾಡಿದಾಗ ಮಂಡ್ಯದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ನಕ್ಕಿದ್ದ. ‘ನೀನೇನು ಗೌರ್ಮೆಂಟ್ ನೌಕರನಾ ಗುರೂ, ಸಂಬಳ ಎಣಿಸ್ಕೊಳ್ಳೋಕೆ?’ ಅಂದ. ತೆರಿಗೆ ಲೆಕ್ಕದಲ್ಲೂ ನಿಜವಾಗಿ ಉಳಿದದ್ದನ್ನೇ ಆದಾಯ ಅಂತ ತೋರಿಸಿ ಎಂದು ಆಡಿಟರ್ ಸಾರ್‌ಗೆ ಹೇಳಿದೆ. ಅವರು ನಗಲಿಲ್ಲ, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ‘ಆದಾಯ ಕಡಿಮೆ ತೋರಿಸಿ ಅಂತ ದಿನಾ ಬರ್ತಾರೆ. ಜಾಸ್ತಿ ತೋರಿಸಿ ಅಂತ ಬಂದವರು ನೀವೊಬ್ಬರೇ’ ಅಂದರು. ಈಗ ಅವರೇ ಬೇರೆಯವರಿಗೆ ನನ್ನ ಉದಾಹರಣೆ ಕೊಡುತ್ತಾರೆ ಅಂತ ಕೇಳಿದೆ. ಫೀಸ್ ಮಾತ್ರ ಕಡಿಮೆ ಮಾಡಿಲ್ಲ.

ನಮ್ಮ ದುಡಿಮೆ ಪಂಚಾಂಗದ ಮೇಲೆ ನಿಂತಿದೆ ಅಲ್ವಾ. ಏಪ್ರಿಲ್, ಮೇ ಎರಡೇ ತಿಂಗಳಲ್ಲಿ ವರ್ಷದ ಮೂರನೇ ಒಂದು ಭಾಗ ಬಂದುಬಿಡುತ್ತದೆ. ಆಮೇಲೆ ಆಷಾಢ. ಆಗ ಮೈಸೂರೆಲ್ಲ ಶುಕ್ರವಾರ ಚಾಮುಂಡಿ ಬೆಟ್ಟ ಹತ್ತುತ್ತದೆ, ನಾವು ಲೆನ್ಸ್ ಒರೆಸಿಕೊಂಡು ಕೂರುತ್ತೇವೆ. ಆದರೆ ಸ್ಕೂಲ್ ಫೀಸ್ ಕಟ್ಟಬೇಕಾದದ್ದೂ ಜೂನ್‌ನಲ್ಲೇ.

ಈ ಖಾಲಿ ತಿಂಗಳಿಗೆ ಏನೆಲ್ಲ ಮಾಡಿ ನೋಡಿದ್ದೇನೆ. ಮೊದಲು ಚೀಟಿ. ಒಂದು ಲಕ್ಷದ ಚೀಟಿ ಹಾಕಿ ಆಷಾಢದಲ್ಲಿ ಕೂಗಿ ತಗೊಳ್ಳೋದು ಅನ್ನುವುದು ಪ್ಲ್ಯಾನ್. ಆದರೆ ಆ ಗುಂಪಿನಲ್ಲಿ ಛತ್ರದವರು, ಅಡುಗೆಯವರು, ಹೂವಿನವರು, ಶಾಮಿಯಾನದವರು. ಎಲ್ಲರಿಗೂ ಅದೇ ತಿಂಗಳು ದುಡ್ಡು ಬೇಕು. ಕೂಗು ಏರಿ ಏರಿ ಕೊನೆಗೆ ನನ್ನ ಕೈಗೆ ಬಂದದ್ದು 78 ಸಾವಿರವೋ ಏನೋ. ಮುಂದಿನ ವರ್ಷ ಹೆಂಡತಿಯ ಸರ ಅಡ ಇಟ್ಟು ನೋಡಿದೆ. ಕಾರ್ತಿಕದ ಮದುವೆಗಳಲ್ಲಿ ಬಿಡಿಸಿದೆ, ಬಡ್ಡಿ ಸುಮ್ನೆ ಹೋಯಿತು. ಆಮೇಲೆ ಜೂನ್‌ನಲ್ಲಿ ಸ್ಕೂಲ್ ಐಡಿ ಕಾರ್ಡ್, ಗ್ರೂಪ್ ಫೋಟೋ ಕೆಲಸ ಹಿಡಿದೆ. ಕಾರ್ಡಿಗೆ 30 ರೂಪಾಯಿ. ಕೆಲಸ ಚೆನ್ನಾಗಿತ್ತು, ಆದರೆ ಒಂದು ಶಾಲೆಯವರು ಆಷಾಢದ ದುಡ್ಡನ್ನು ಸಂಕ್ರಾಂತಿಗೆ ಕೊಟ್ಟರು. ಆ ಕೆಲಸ ಈಗಲೂ ಮಾಡುತ್ತೇನೆ, ಅರ್ಧ ದುಡ್ಡು ಮೊದಲೇ ಕೊಟ್ಟರೆ ಮಾತ್ರ.

ಕೊನೆಗೆ ನಿಂತದ್ದು ಮೂರು ಅಕೌಂಟ್. ಒಂದು ವಸೂಲಿ ಅಕೌಂಟ್. ಕ್ಯೂಆರ್ ಇದರದ್ದೇ, ಛತ್ರದಲ್ಲಿ ಹುಡುಗಿ ತಂದೆ ಕವರ್‌ನಲ್ಲಿ ಕೊಡುವ ನಗದು ಕೂಡ ಮಾರನೇ ದಿನ ಇದಕ್ಕೇ ಬೀಳುತ್ತದೆ. ಟೀಮ್, ಆಲ್ಬಂ ಲ್ಯಾಬ್, ಪೆಟ್ರೋಲ್ ಎಲ್ಲ ಇಲ್ಲಿಂದಲೇ. ಎರಡನೆಯದು ಆಷಾಢದ ಅಕೌಂಟ್, ಸ್ವೀಪ್ ಎಫ್‌ಡಿ ಇರುವಂಥದ್ದು, ಅಂದರೆ ಹೆಚ್ಚಾದ ದುಡ್ಡು ತಾನಾಗೇ ಎಫ್‌ಡಿ ಆಗುವಂಥದ್ದು. ಮುಹೂರ್ತ ಮುಗಿದ ಮೇಲೆ ಆ ಆರ್ಡರ್‌ನಲ್ಲಿ ಉಳಿದದ್ದೆಲ್ಲ ಇಲ್ಲಿಗೆ. ಮೂರನೆಯದು ಮನೆ ಅಕೌಂಟ್. ಎರಡನೆಯದರಿಂದ ಇದಕ್ಕೆ ತಿಂಗಳಿಗೆ 38 ಸಾವಿರ, ತಾನಾಗೇ ಹೋಗುವ ಹಾಗೆ ಬ್ಯಾಂಕಿಗೆ ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಹಾಕಿದ್ದೇನೆ. ನಾನು ಮುಟ್ಟೋದೇ ಇಲ್ಲ. ಮೇ ತಿಂಗಳಲ್ಲಿ ದುಡ್ಡು ಸುರಿಯುವಾಗಲೂ 38, ಆಷಾಢದಲ್ಲೂ 38.

ಮುಹೂರ್ತ ಮುಗಿಯುವವರೆಗೆ ಅಡ್ವಾನ್ಸ್ ನನ್ನ ದುಡ್ಡಲ್ಲ. ಇದರಲ್ಲಿ ಮಾತ್ರ ಬಿಗಿ ಬೇಕು. ಸೂತಕ ಬಂದು ಮದುವೆ ಮುಂದೆ ಹೋದರೆ ಅಡ್ವಾನ್ಸ್ ವಾಪಸ್ ಕೇಳುತ್ತಾರೆ. ಸಾವಿನ ಮನೆಗೆ ‘ನಾನ್ ರಿಫಂಡಬಲ್’ ಅಂತ ಹೇಳೋಕೆ ನಮ್ಮ ಕಡೆ ಬಾಯಿ ಬರುತ್ತಾ?

ಒಂದು ಆರ್ಡರ್ ಬಿಡಿಸಿ ತೋರಿಸುತ್ತೇನೆ. ಹಿಂದಿನ ಸಂಜೆ ರಿಸೆಪ್ಷನ್, ಮಾರನೇ ದಿನ ಮುಹೂರ್ತ, ಒಟ್ಟು 1,10,000. ಕ್ಯಾಂಡಿಡ್ ಹುಡುಗನಿಗೆ ಎರಡು ದಿನಕ್ಕೆ 16 ಸಾವಿರ. ವಿಡಿಯೋದವನಿಗೆ 10. ಡ್ರೋನ್ 7. ಎಡಿಟಿಂಗ್ 9. ಎರಡು ಆಲ್ಬಂ 20. ಪೆಟ್ರೋಲ್, ಚಿಲ್ಲರೆ 3. ಉಳಿದದ್ದು 45 ಸಾವಿರ. ನಾಮಕರಣ, ಸೀಮಂತ, ಗೃಹಪ್ರವೇಶ ಒಬ್ಬನೇ ಮಾಡುವುದರಿಂದ ಅಲ್ಲಿ ಉಳಿಯೋದು ಜಾಸ್ತಿ. ಸ್ಟುಡಿಯೋ ಬಾಡಿಗೆ, ಹಾರ್ಡ್ ಡಿಸ್ಕ್, ರಿಪೇರಿ ಎಲ್ಲ ಕಳೆದರೆ ವರ್ಷದ ಕೊನೆಗೆ ನೂರಕ್ಕೆ ನಲವತ್ತರ ಹತ್ತಿರ ನಿಲ್ಲುತ್ತದೆ. ಮಂಡ್ಯ ಕಡೆ ಆರ್ಡರ್ ಆದರೆ ಬೀಗರೂಟ ಸೇರಿಸಿಯೇ ರೇಟ್ ಹೇಳಿ. ಇಲ್ಲದಿದ್ದರೆ ‘ಊಟಕ್ಕೆ ಹೆಂಗೂ ಬರ್ತೀರಲ್ಲ ಅಣ್ಣ, ಹಂಗೇ ನಾಕು ಫೋಟೋ’ ಅಂದು ಒಂದು ದಿನ ಪೂರ್ತಿ ಹಿಡಿದಿಡುತ್ತಾರೆ.

ಈಗ ತೆರಿಗೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ, ಸೆಕ್ಷನ್ ನಂಬರ್ ಬದಲು. ನಾನು ಹಳೇ ನಂಬರೇ ಹೇಳುತ್ತೇನೆ, ಬಾಯಲ್ಲಿ ಕೂತಿರೋದು ಅದೇ. ನಾವು ಬರುವುದು 44ಎಡಿ ಅಡಿಯಲ್ಲಿ, ಅಂದರೆ ಸಣ್ಣ ವ್ಯಾಪಾರದವರು ಅಂದಾಜು ಲಾಭ ತೋರಿಸುವ ಸೆಕ್ಷನ್. ಬ್ಯಾಂಕ್ ಮೂಲಕ ಬಂದ ಹಣಕ್ಕೆ 6 ಪರ್ಸೆಂಟ್, ನಗದಿಗೆ 8 ಪರ್ಸೆಂಟ್ ಲಾಭ ಅಂತ ತೋರಿಸಿದರೆ ಲೆಕ್ಕದ ಪುಸ್ತಕ ಕೇಳಲ್ಲ. ನಮ್ಮವರು ಇಲ್ಲಿಗೇ ನಿಲ್ಲುತ್ತಾರೆ. ಕಾನೂನು ಹೇಳೋದು 6 ‘ಅಥವಾ ಅದಕ್ಕಿಂತ ಜಾಸ್ತಿ’. ಉಳಿದದ್ದು 40 ಆದರೆ ತೋರಿಸಬೇಕಾದ್ದೂ 40. ಹಿಂದೆ 16 ಲಕ್ಷದ ವಹಿವಾಟಿಗೆ ನನ್ನ ಐಟಿಆರ್‌ನಲ್ಲಿ, ಅಂದರೆ ತೆರಿಗೆ ರಿಟರ್ನ್‌ನಲ್ಲಿ, ಆದಾಯ 2.8 ಲಕ್ಷ ಅಂತ ಇರುತ್ತಿತ್ತು. ಈಗ ಆರೂವರೆ ಲಕ್ಷದ ಹತ್ತಿರ ತೋರಿಸುತ್ತೇನೆ.

ಅದಕ್ಕೆ ಎಷ್ಟು ತೆರಿಗೆ ಬಿತ್ತು ಗೊತ್ತಾ? ಸೊನ್ನೆ. ಹೊಸ ತೆರಿಗೆ ಪದ್ಧತಿಯಲ್ಲಿ 2023-24 ಮತ್ತು 2024-25ರ ಸಾಲಿಗೆ 7 ಲಕ್ಷದವರೆಗಿನ ಆದಾಯಕ್ಕೆ ರಿಬೇಟ್ ಇತ್ತು, ಅಂದರೆ ತೆರಿಗೆ ಮಾಫಿ. 2025-26ಕ್ಕೆ ಅದು 12 ಲಕ್ಷ ಆಯಿತು. ಸಂಬಳದವರಿಗೆ ಸಿಗುವ 75 ಸಾವಿರದ ಸ್ಟ್ಯಾಂಡರ್ಡ್ ಡಿಡಕ್ಷನ್ ನಮಗಿಲ್ಲ, ಇರಲಿ. 2.8ಕ್ಕೂ ಸೊನ್ನೆ, 6.5ಕ್ಕೂ ಸೊನ್ನೆ ಅಂದ ಮೇಲೆ ಕಡಿಮೆ ತೋರಿಸಿ ಉಳಿಸೋದು ಏನನ್ನ? ಮಂಡ್ಯದ ಗೆಳೆಯನಿಗೆ ಇದನ್ನು ಹೇಳಿದಾಗ ‘ಸುಮ್ನಿರಪ್ಪ, ಗೌರ್ಮೆಂಟ್ ಕಣ್ಣಿಗೆ ಬೀಳ್ತೀಯ’ ಅಂದ. ಅವನ ಕ್ಯೂಆರ್‌ಗೆ ಬೀಳುವ ಪ್ರತಿ ರೂಪಾಯಿ ಬ್ಯಾಂಕಿನಲ್ಲಿ ದಾಖಲಾಗುತ್ತಿದೆ, ಇನ್ನೇನು ಬೀಳೋದು ಬಾಕಿ?

ಕಡಿಮೆ ತೋರಿಸಿದ್ದರ ಬೆಲೆ ಬೇರೆ ಕಡೆ ಕಟ್ಟಬೇಕಾಗುತ್ತದೆ. ನಾನು ಹೋದರೆ ಮನೆಯವರಿಗೆ ದುಡ್ಡು ಸಿಗುವ ಟರ್ಮ್ ಇನ್ಶೂರೆನ್ಸ್‌ಗೆ ಅರ್ಜಿ ಹಾಕಿ ಒಂದು ಕೋಟಿ ಕೇಳಿದ್ದೆ. ಕಂಪನಿಯವರು 2.8ರ ಐಟಿಆರ್ ನೋಡಿ ಅದರ ಅರ್ಧವೂ ಕೊಡಲ್ಲ ಅಂದರು. ಮೇಲಿನ ಮಹಡಿ ಕಟ್ಟೋಕೆ ಸಾಲ ಕೇಳಿದರೆ ಬ್ಯಾಂಕಿನವರೂ ಅದೇ ಕಾಗದ ನೋಡಿ ಕಳಿಸಿದರು. ರಾತ್ರಿ ಮದುವೆ ಮುಗಿಸಿ ಬೈಕಿನಲ್ಲಿ ಬರುವ ನಮ್ಮಂಥವರಿಗೆ ಇನ್ನೊಂದೂ ಇದೆ. ಅಪಘಾತವಾದರೆ ಪರಿಹಾರದ ಕೋರ್ಟಿನಲ್ಲಿ ಆದಾಯಕ್ಕೆ ಸಾಕ್ಷಿ ಅಂತ ಮೊದಲು ಕೇಳೋದು ಐಟಿಆರ್. ನಾವು ಬರೆದುಕೊಟ್ಟ ಸಂಖ್ಯೆಯೇ ನಮ್ಮ ಬೆಲೆ. ಹೊಸ ಲೆಕ್ಕದ ಎರಡು ಐಟಿಆರ್ ಕೈಗೆ ಬಂದ ಮೇಲೆ ಒಂದು ಕೋಟಿ ಪಾಲಿಸಿ ಸಿಕ್ಕಿತು, ವರ್ಷಕ್ಕೆ 17 ಸಾವಿರದ ಹತ್ತಿರ ಪ್ರೀಮಿಯಂ. ಸಾಲ 14 ಲಕ್ಷ ಮಂಜೂರಾಯಿತು. ಈಗ ಮೇಲಿನ ಮಹಡಿಯಲ್ಲಿ ಬಾಡಿಗೆಗೆ ಜನ ಇದ್ದಾರೆ. ಇಷ್ಟು ಜಂಬ ಕೊಚ್ಚಿಕೊಳ್ಳೋಕೆ ನನಗೆ ಹಕ್ಕಿದೆ ಅಂದುಕೊಂಡಿದ್ದೇನೆ.

ಸಣ್ಣ ಪುಟ್ಟದ್ದು ಬೇಗ ಹೇಳಿಬಿಡುತ್ತೇನೆ. ಫೆಬ್ರವರಿ, ಮಾರ್ಚ್‌ನಲ್ಲಿ ಬರುವ ಏಪ್ರಿಲ್ ಮದುವೆಯ ಅಡ್ವಾನ್ಸನ್ನು ಹಣ ಬಂದ ವರ್ಷಕ್ಕೇ ಸೇರಿಸುತ್ತೇನೆ, ಬ್ಯಾಂಕ್ ಸ್ಟೇಟ್‌ಮೆಂಟ್‌ಗೆ ತಾಳೆ ಆಗುತ್ತದೆ. ವರ್ಷಕ್ಕೊಂದು ಥರ ಮಾಡಬೇಡಿ. ಮೈಸೂರಿನ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾ ಕಡೆ ಕಂಪನಿ ಕಾರ್ಯಕ್ರಮ ಮಾಡಿದರೆ ಕೆಲವರು ದುಡ್ಡು ಕೊಡುವಾಗಲೇ 1 ಪರ್ಸೆಂಟ್ ತೆರಿಗೆ (ಟಿಡಿಎಸ್) ಹಿಡಿಯುತ್ತಾರೆ, ಕೆಲವರು 10. ಜಗಳ ಆಡಲ್ಲ, ನಮ್ಮ ಹೆಸರಲ್ಲಿ ಹಿಡಿದ ತೆರಿಗೆಯ ಪಟ್ಟಿ 26ಎಎಸ್‌ನಲ್ಲಿ ಬಂದಿದೆಯಾ ನೋಡಿಕೊಂಡು ರಿಫಂಡ್ ತಗೊಳ್ಳುತ್ತೇನೆ. ಹಳೇ ಪದ್ಧತಿ, ಹೊಸ ಪದ್ಧತಿ ಅಂತ ವರ್ಷಾ ವರ್ಷ ಹಾರುವ ಅವಕಾಶ ಸಂಬಳದವರಿಗೆ ಮಾತ್ರ. ವ್ಯಾಪಾರದವರು ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ವಾಪಸ್ ಬಂದರೆ ಮತ್ತೆ ಹೋಗೋಕಾಗಲ್ಲ.

ಇನ್ಶೂರೆನ್ಸ್ ಬಗ್ಗೆ ಸ್ವಲ್ಪ ಉದ್ದ ಬರೆಯಬೇಕು, ನನ್ನ ದುಡ್ಡು ಜಾಸ್ತಿ ಹೋದದ್ದು ಅಲ್ಲೇ. ಮೊದಲು 3 ಲಕ್ಷದ ಫ್ಯಾಮಿಲಿ ಹೆಲ್ತ್ ಪಾಲಿಸಿ ಇತ್ತು. ರೂಮ್ ಬಾಡಿಗೆ ಮಿತಿ ಪಾಲಿಸಿ ಮೊತ್ತದ 1 ಪರ್ಸೆಂಟ್, ಅಂದರೆ ದಿನಕ್ಕೆ 3,000. ಹೆಂಡತಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. ಖಾಲಿ ಇದ್ದದ್ದು 5,000ದ ರೂಮ್. ದಿನಕ್ಕೆ 2,000 ನಾವು ಕಟ್ಟಿದರಾಯಿತು, ಮೂರು ದಿನಕ್ಕೆ 6,000 ತಾನೇ ಅಂದುಕೊಂಡೆವು. ಡಿಸ್ಚಾರ್ಜ್ ದಿನ ಕೌಂಟರ್‌ನಲ್ಲಿ ಕಾಗದ ಕೊಟ್ಟರು. ಔಷಧಿ ಬಿಟ್ಟು ಡಾಕ್ಟರ್ ಫೀಸ್, ಓಟಿ ಚಾರ್ಜ್, ನರ್ಸಿಂಗ್ ಎಲ್ಲದರ ಎದುರೂ 60 ಪರ್ಸೆಂಟ್ ಮಾತ್ರ ಪಾಸ್. 3,000 ಭಾಗಿಸು 5,000, ಅದೇ ಅನುಪಾತ. 1.10 ಲಕ್ಷದ ಬಿಲ್‌ಗೆ ಬಂದದ್ದು 75 ಸಾವಿರ ಚಿಲ್ಲರೆ. ಈಗ ರೂಮ್ ಮಿತಿ ಇಲ್ಲದ 10 ಲಕ್ಷದ ಪಾಲಿಸಿ ಇದೆ, ಪ್ರೀಮಿಯಂ 24 ಸಾವಿರದ ಹತ್ತಿರ. 2025ರ ಸೆಪ್ಟೆಂಬರ್ 22ರಿಂದ ಇದರ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ಹೋಯಿತು, ಸ್ವಲ್ಪ ಉಸಿರಾಡುವಂತಾಯಿತು. ಹೊಸ ಪದ್ಧತಿಯಲ್ಲಿ ಹೆಲ್ತ್ ಪ್ರೀಮಿಯಂಗೆ ಇರುವ 80ಡಿ ವಿನಾಯಿತಿ ಸಿಗಲ್ಲ. ತೆರಿಗೆಗೋಸ್ಕರ ಅಂತ ಯಾರಾದರೂ ಪಾಲಿಸಿ ಮಾರೋಕೆ ಬಂದರೆ ಕಾಫಿ ಕೊಟ್ಟು ಕಳಿಸಿ.

ಅಪ್ಪ ಊರಲ್ಲಿ ಡೇರಿ ಸದಸ್ಯರು, ಅವರಿಗೆ ಯಶಸ್ವಿನಿ ಕಾರ್ಡ್ ಇದೆ, ಸಹಕಾರ ಸಂಘದವರಿಗೆ ಅಂತ ಇರುವ ಸರ್ಕಾರದ ಆರೋಗ್ಯ ಯೋಜನೆ. ಪಟ್ಟಿಯಲ್ಲಿರುವ ಚಿಕಿತ್ಸೆಗೆ, ನೆಟ್‌ವರ್ಕ್ ಆಸ್ಪತ್ರೆಯಲ್ಲಿ ಮಾತ್ರ. ಆದರೂ ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಸಿಗಲ್ಲ. ನೋಂದಣಿ ದಿನಾಂಕ ತಪ್ಪಿಸಬೇಡಿ. ಬ್ಯಾಂಕಿನ ಮೂಲಕ ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಅನ್ನುವ ಅಪಘಾತ ವಿಮೆ ಕೂಡ ಎಲ್ಲರಿಗೂ ಇರಲಿ. ಅದರ ಮೇಲೆ ನಾನು ಬೇರೆ ಅಪಘಾತ ಪಾಲಿಸಿ ಮಾಡಿಸಿದ್ದೇನೆ, 3 ಸಾವಿರ ಚಿಲ್ಲರೆ. ಕೈ ಮುರಿದು ಮನೆಯಲ್ಲಿ ಕೂತರೆ ವಾರಕ್ಕಿಷ್ಟು ಅಂತ ಕೊಡುವ ಷರತ್ತು ಇರುವಂಥದ್ದನ್ನೇ ಹುಡುಕಿ ತಗೊಂಡೆ. ಕ್ಯಾಮೆರಾ ಹಿಡಿಯುವ ಕೈಗೆ ಅದು ಮುಖ್ಯ.

ಕ್ಯಾಮೆರಾ ಇನ್ಶೂರೆನ್ಸ್ ಕಥೆ ಬೇರೆ. ಒಂದು ಛತ್ರದಲ್ಲಿ ವಧುವಿನ ರೂಮಿನಿಂದ ಬ್ಯಾಗ್ ಹೋಯಿತು. ಬಾಡಿ, ಎರಡು ಲೆನ್ಸ್, ಫ್ಲ್ಯಾಶ್. ಎಫ್‌ಐಆರ್ ಆಯಿತು. ಕ್ಲೇಮ್ ಹಾಕಿದರೆ ‘ಬೀಗ ಒಡೆದಿದ್ದಾರಾ?’ ಅಂತ ಕೇಳಿದರು. ಮದುವೆ ಮನೆಯಲ್ಲಿ ಬೀಗ ಹಾಕುವವರು ಯಾರು! ಅದು ಕಳ್ಳತನದ ಪಾಲಿಸಿ, ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕಂತೆ. ಜೊತೆಗೆ ಸ್ಟುಡಿಯೋ ವಿಳಾಸದ ಒಳಗೆ ಮಾತ್ರ ರಕ್ಷಣೆ. ಒಂದೂವರೆ ಲಕ್ಷ ಹೋಯಿತು. ನಮಗೆ ಬೇಕಾದ್ದು ‘ಆಲ್ ರಿಸ್ಕ್’. ಹೊರಗೆ ತಗೊಂಡು ಹೋದಾಗಲೂ, ಬಿದ್ದು ಒಡೆದಾಗಲೂ ನಡೆಯಬೇಕು. ಆರು ಲಕ್ಷದ ಸಾಮಾನಿಗೆ ವರ್ಷಕ್ಕೆ ಹತ್ತು ಸಾವಿರದ ಸುತ್ತ ಕಟ್ಟುತ್ತೇನೆ. ಪ್ರತಿ ಸೀರಿಯಲ್ ನಂಬರ್ ಪಾಲಿಸಿಯಲ್ಲಿ ಬರೆಸಿ, ಬಿಲ್ ನಿಮ್ಮ ಹೆಸರಲ್ಲೇ ಇರಲಿ. ಡ್ರೋನ್ ಹುಡುಗನ ಹತ್ತಿರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇದೆಯಾ ಕೇಳಿ. 2021ರ ಡ್ರೋನ್ ನಿಯಮದಲ್ಲಿ 250 ಗ್ರಾಂ ಮೀರಿದರೆ ಅದು ಕಡ್ಡಾಯ.

ಬಾಕಿ ವಸೂಲಿಗೆ ಆಲ್ಬಂ ಪ್ರಿಂಟ್‌ಗೆ ಕಳಿಸುವ ಮೊದಲೇ ಪೂರ್ತಿ ದುಡ್ಡು ಅನ್ನುವುದು ಎಲ್ಲರೂ ಮಾಡುವುದೇ. ನನ್ನ ಹತ್ತಿರ ಅದಕ್ಕಿಂತ ಒಳ್ಳೆಯ ಉಪಾಯ ಇದೆ. ಇಲ್ಲಿ ಬರೆಯಲ್ಲ, ಗಿರಾಕಿಗಳೂ ಓದುತ್ತಾರೆ.

ಇನ್ನು ಜಿಎಸ್‌ಟಿ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್‌ನವರಿಗೆ ನೋಟಿಸ್ ಹೋದಾಗ ನಮ್ಮವರೂ ಕೆಲವರು ಕ್ಯೂಆರ್ ಕಿತ್ತುಹಾಕಿದರು. ನಾನು ತೆಗೆಯಲಿಲ್ಲ. ವರ್ಷಕ್ಕೆ ಸಾಮಾನು ಮಾರುವವರಿಗೆ 40 ಲಕ್ಷ, ನಮ್ಮಂಥ ಸೇವೆಯವರಿಗೆ 20 ಲಕ್ಷ ಗೆರೆ, ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಈ 20 ಲೆಕ್ಕ ಹಾಕೋದು ಉಳಿದದ್ದರ ಮೇಲಲ್ಲ, ಒಟ್ಟು ಬಂದದ್ದರ ಮೇಲೆ. ಮೊದಲು ಎಲ್‌ಇಡಿ ವಾಲ್, ಹೂವಿನ ಡೆಕೊರೇಷನ್ ಎಲ್ಲಕ್ಕೂ ಗಿರಾಕಿ ನನಗೇ ಕೊಡುತ್ತಿದ್ದರು, ನಾನು ದಾಟಿಸುತ್ತಿದ್ದೆ. ನನಗೆ ಒಂದು ರೂಪಾಯಿ ಇಲ್ಲದ ದುಡ್ಡು ನನ್ನ ವಹಿವಾಟು ಆಗುತ್ತಿತ್ತು. ಈಗ ಅವರವರ ಬಿಲ್ ಅವರೇ ಕೊಡುತ್ತಾರೆ, ದುಡ್ಡೂ ನೇರ ಅವರಿಗೇ.

ಈ ವರ್ಷ 18 ಲಕ್ಷದ ಹತ್ತಿರ ಬಂದಿದ್ದೇನೆ. ಗೆರೆ ದಾಟಿದರೆ ಕಾಂಪೊಸಿಷನ್ ತಗೊಳ್ಳುವ ಯೋಚನೆ, ಸಣ್ಣವರಿಗೆ ಇರುವ ಸರಳ ಜಿಎಸ್‌ಟಿ, ಒಟ್ಟು ವಹಿವಾಟಿನ ಮೇಲೆ 6 ಪರ್ಸೆಂಟ್. ಗಿರಾಕಿಯಿಂದ ಕೇಳುವ ಹಾಗಿಲ್ಲ, ನಮ್ಮ ಕೈಯಿಂದಲೇ ಕಟ್ಟಬೇಕು. ಲೆಕ್ಕ ಹಾಕಿ ನೋಡಿದೆ. 20 ಲಕ್ಷದಲ್ಲಿ ಉಳಿಯೋದು 8. ವರ್ಷಪೂರ್ತಿ 22 ಮಾಡಿದರೆ ತೆರಿಗೆ ಕಳೆದು ಏಳೂವರೆ, ಅಂದರೆ ದುಡಿದು ಕಳೆದುಕೊಂಡ ಹಾಗೆ. 28 ಮಾಡಿದರೆ ಒಂಬತ್ತೂವರೆ. ದಾಟಿದರೆ ದೂರ ದಾಟಬೇಕು. ಅದಕ್ಕೆ ಇನ್ನೊಂದು ಟೀಮ್ ಬೇಕು, ಒಂದೇ ಮುಹೂರ್ತಕ್ಕೆ ನಂಜನಗೂಡಿನಲ್ಲೊಂದು, ಪಾಂಡವಪುರದಲ್ಲೊಂದು ಮದುವೆ ಬಂದರೆ ನಾನಿಲ್ಲದೆ ನಿಭಾಯಿಸುವ ಹುಡುಗರು ಬೇಕು. ಅಂಥ ಇಬ್ಬರು ಸಿಗುವವರೆಗೆ 20ರ ಒಳಗೇ ಇರುತ್ತೇನೆ.