ಗೇಮ್ ಕೊಳ್ಳುವ ಮುಂಚೆ ಅಟ್ಟದ ಮೇಲೆ ಇಡಿ

ನಮ್ಮದು ತಿಪಟೂರು ಕಡೆ. ಅಲ್ಲಿ ಕೊಬ್ಬರಿ ಮಾಡುವವರು ತೆಂಗಿನಕಾಯಿಯನ್ನು ಕಿತ್ತ ದಿನವೇ ಮಾರುವುದಿಲ್ಲ. ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿಡುತ್ತಾರೆ. ಆಮೇಲೆ ಅಪ್ಪ ಒಂದೊಂದನ್ನೇ ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರು ಕುಲುಕಿದರೆ ಮತ್ತೆ ಅಟ್ಟಕ್ಕೆ. ಕೊಬ್ಬರಿ ಗಡಗಡ ಅಂತ ಉರುಳಿದರೆ ಕೆಳಗೆ. ಅಷ್ಟಾದರೂ ರೇಟು ಸರಿ ಇಲ್ಲ ಅನಿಸಿದರೆ ಮಾರುವುದಿಲ್ಲ.

ನಾನು ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ ಮಾಡಿಕೊಂಡು, ರಾತ್ರಿ ಊಟ ಆದ ಮೇಲೆ ಪಿಸಿಯಲ್ಲಿ ಗೇಮ್ ಆಡುವವನು. ಗೇಮ್ ಆಡೋದು ಬೇಗ ಕಲಿತೆ, ಕೊಳ್ಳೋದು ಕಲಿಯಲು ಏಳೆಂಟು ವರ್ಷ ಹಿಡಿಯಿತು. ಆ ಅಟ್ಟ ಮೊದಲೇ ನೆನಪಾಗಿದ್ದರೆ ಸುಮಾರು ದುಡ್ಡು ಉಳಿಯುತ್ತಿತ್ತು.

ಮೊದಲನೆಯದು, ಪ್ರೀ ಆರ್ಡರ್ ಮಾಡಬೇಡಿ, ಅಂದರೆ ಗೇಮ್ ಬಿಡುಗಡೆಗೆ ಮುಂಚೆಯೇ ದುಡ್ಡು ಕೊಟ್ಟು ಕೊಳ್ಳಬೇಡಿ. ಡಿಸ್ಕ್ ಕಾಲದಲ್ಲಿ ಅದಕ್ಕೊಂದು ಅರ್ಥ ಇತ್ತು. ಅಂಗಡಿಗೆ ಬರುವುದೇ ಹತ್ತು ಡಿಸ್ಕ್, ಹೇಳಿಡದಿದ್ದರೆ ಸಿಗುತ್ತಿರಲಿಲ್ಲ. ಡೌನ್‌ಲೋಡ್ ಮಾಡುವ ಫೈಲ್ ಯಾವತ್ತಾದರೂ ಸ್ಟಾಕ್ ಮುಗಿದಿದೆಯಾ? ಸೈಬರ್‌ಪಂಕ್ 2077 ಬಂದಿದ್ದು 2020ರ ಡಿಸೆಂಬರ್ 10ಕ್ಕೆ. ಹಳೆಯ ಕನ್ಸೋಲ್‌ಗಳಲ್ಲಿ, ಅಂದರೆ ಟಿವಿಗೆ ಹಾಕಿ ಆಡುವ ಯಂತ್ರಗಳಲ್ಲಿ, ಎಷ್ಟು ಕೆಟ್ಟದಾಗಿ ಓಡುತ್ತಿತ್ತು ಅಂದರೆ, ಒಂದೇ ವಾರದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಸ್ಟೋರ್‌ನಿಂದ ತೆಗೆದುಹಾಕಿತು. ವಾಪಸ್ ಬಂದಿದ್ದು 2021ರ ಜೂನ್‌ನಲ್ಲಿ. 2023ರ ಹೊತ್ತಿಗೆ ರಿಪೇರಿಯಾಗಿ ಒಳ್ಳೆಯ ಗೇಮ್ ಆಯಿತು, ಸೇಲ್‌ನಲ್ಲಿ ಅರ್ಧ ಬೆಲೆಗೂ ಸಿಕ್ಕಿತು. ಮೊದಲ ದಿನ ಪೂರ್ತಿ ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ನೀರು ಕುಲುಕುವ ಕಾಯಿ.

ಜಾಸ್ತಿ ದುಡ್ಡಿನ ಪ್ರೀಮಿಯಂ ಎಡಿಷನ್ ತಗೊಂಡರೆ ಐದು ದಿನ ಮೊದಲೇ ಆಡಬಹುದು ಅನ್ನುತ್ತಾರಲ್ಲ, 2023ರಲ್ಲಿ ಸ್ಟಾರ್‌ಫೀಲ್ಡ್‌ಗೆ ಮಾಡಿದ ಹಾಗೆ, ಅದು ನನಗೆ ಇನ್ನೂ ಸಿಟ್ಟು ತರಿಸುವ ವಿಷಯ. ಗೇಮ್ ರೆಡಿ ಇದೆ, ಆದರೂ ಜಾಸ್ತಿ ಕೊಡದವರು ಬಾಗಿಲಲ್ಲಿ ನಿಂತಿರಬೇಕು. ನಿಂತಿರಿ, ಪರವಾಗಿಲ್ಲ. ಒಳಗೆ ಹೋದವರು ಏನಂತಾರೆ ಅಂತ ಪುಕ್ಕಟೆಯಾಗಿ ಗೊತ್ತಾಗುತ್ತದೆ.

ಎರಡನೆಯದು ರಿಫಂಡ್. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಾನು ಪೆಟ್ಟು ತಿಂದಿದ್ದು ಇಲ್ಲೇ. ಪಿಸಿ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. 2015ರಿಂದ ಈ ನಿಯಮ ಇದೆ. ಎರಡು ಗಂಟೆ ಧಾರಾಳ ಆಯ್ತು ಅಂತ ನಾನೂ ಅಂದುಕೊಂಡಿದ್ದೆ.

ಒಂದು ದೊಡ್ಡ ಗೇಮ್. ಹೆಸರು ಬೇಡ. ಮೂರೂವರೆ ಸಾವಿರ ಕೊಟ್ಟು ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಶುರು ಮಾಡಿದೆ. ತೆರೆದ ಕೂಡಲೇ 'ಶೇಡರ್ ಕಂಪೈಲ್ ಆಗುತ್ತಿದೆ' ಅಂತ ಒಂದು ಪಟ್ಟಿ ಬಂತು, ಅಂದರೆ ಗೇಮ್ ತನ್ನ ಚಿತ್ರಗಳನ್ನು ನನ್ನ ಪಿಸಿಗೆ ಹೊಂದಿಸಿಕೊಳ್ಳುತ್ತಿದೆ. ಅದು ತುದಿ ಮುಟ್ಟಲು ಮೂವತ್ತನಾಲ್ಕು ನಿಮಿಷ. ಅಷ್ಟರಲ್ಲಿ ನಾನು ಹಾಲು ಕಾಯಿಸಿ, ಕುಡಿದು, ಲೋಟ ತೊಳೆದಿಟ್ಟು ಬಂದೆ. ಆಮೇಲೆ ಪಾತ್ರದ ಮುಖ ಮಾಡುವ ಸ್ಕ್ರೀನ್. ಮೂಗು ಸರಿ ಬರಲಿಲ್ಲ ಅಂತ ಅದರಲ್ಲೇ ಅರ್ಧ ಗಂಟೆ ಹೋಯಿತು. ಇದು ನನ್ನದೇ ತಪ್ಪು ಬಿಡಿ. ಆಮೇಲೆ ಕಟ್‌ಸೀನ್ (ಸುಮ್ನೆ ನೋಡುವ ಸಿನಿಮಾ ತುಣುಕು), ಕುದುರೆ, ಮಳೆ, ಮತ್ತೆ ಕಟ್‌ಸೀನ್. ಅಲ್ಲಿಯವರೆಗೂ ಬೆಣ್ಣೆಯ ಹಾಗೆ ಓಡುತ್ತಿತ್ತು. ನಗರದ ಬಾಗಿಲು ದಾಟಿದ ಕೂಡಲೇ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ, 18ಕ್ಕೆ ಬಿದ್ದು ಗೇಮ್ ತಡವರಿಸತೊಡಗಿತು. ಸೆಟ್ಟಿಂಗ್ಸ್ ತಿರುಗಿಸುತ್ತಾ ಕೂತೆ. ಬೆಳಿಗ್ಗೆ ರಿಫಂಡ್ ಕೇಳಿದಾಗ ಲೆಕ್ಕದಲ್ಲಿ 2 ಗಂಟೆ 20 ನಿಮಿಷ ತೋರಿಸಿತು. ಆಗಲ್ಲ ಅಂತ ಉತ್ತರ ಬಂತು.

ಅವತ್ತಿನಿಂದ ನಾನು ಮಾಡುವುದು ಹೀಗೆ. ಹೊಸ ಗೇಮ್ ಇನ್‌ಸ್ಟಾಲ್ ಮಾಡಿದರೂ ತಕ್ಷಣ ತೆರೆಯುವುದಿಲ್ಲ. ಶನಿವಾರ ಬೆಳಿಗ್ಗೆ, ತಿಂಡಿ ಆದ ಮೇಲೆ, ತಲೆ ಚುರುಕಾಗಿರುವಾಗ ತೆರೆಯುತ್ತೇನೆ. ಫೋನ್‌ನಲ್ಲಿ 90 ನಿಮಿಷಕ್ಕೆ ಅಲಾರಾಂ. ಮುಖ, ಮೂಗು ಏನೂ ಮುಟ್ಟುವುದಿಲ್ಲ, ಸಿಕ್ಕಿದ ಮುಖ ಇಟ್ಟುಕೊಂಡು ನೇರ ಒಳಗೆ. ಕಟ್‌ಸೀನ್ ಎಲ್ಲ ಸ್ಕಿಪ್, ಬೇಕಾದರೆ ಆಮೇಲೆ ಮೊದಲಿಂದ ಆಡಬಹುದು. ಜನ ಜಾಸ್ತಿ ಇರುವ ಜಾಗಕ್ಕೆ ಹೋಗಿ ಫ್ರೇಮ್ ರೇಟ್ ನೋಡುತ್ತೇನೆ. ಅಲಾರಾಂ ಹೊಡೆದಾಗ ಒಂದೇ ಪ್ರಶ್ನೆ, ನಾಳೆ ಮತ್ತೆ ತೆರೆಯುತ್ತೇನಾ? ಅನುಮಾನ ಇದ್ದರೆ ರಿಫಂಡ್. ಒಂದು ವಿಷಯ ಗೊತ್ತಿರಲಿ: ಬಿಡುಗಡೆಗೆ ಮುಂಚೆ ಅಡ್ವಾನ್ಸ್ಡ್ ಆಕ್ಸೆಸ್‌ನಲ್ಲಿ ಆಡಿದ ಸಮಯವನ್ನೂ 2024ರಿಂದ ಆ ಎರಡು ಗಂಟೆಯಲ್ಲೇ ಹಿಡಿಯುತ್ತಾರೆ.

ಮೂರನೆಯದೇ ಅಟ್ಟ. ಅಂದರೆ ವಿಶ್‌ಲಿಸ್ಟ್. ಆಸೆಯಾದ ಗೇಮ್ ಅಲ್ಲಿಗೆ ಹಾಕಿ ಬಿಟ್ಟುಬಿಡಿ. ಸ್ಟೀಮ್‌ನಲ್ಲಿ ವರ್ಷಕ್ಕೆ ನಾಲ್ಕು ದೊಡ್ಡ ಸೇಲ್ ಬರುತ್ತವೆ, ಅದರಲ್ಲಿ ಜೂನ್ ಕೊನೆಯದು ಮತ್ತು ಡಿಸೆಂಬರ್ ಕೊನೆಯದು ಮುಖ್ಯ. ಸೇಲ್ ಬಂತು ಅಂತ ಹಾರಬೇಡಿ. ಸ್ಟೀಮ್ ಬೆಲೆಗಳ ದಾಖಲೆ ಇಡುವ ಸ್ಟೀಮ್‌ಡಿಬಿ ಸೈಟ್‌ನಲ್ಲಿ ಗೇಮ್ ಹೆಸರು ಹಾಕಿ, ರೂಪಾಯಿಯಲ್ಲಿ ಅದರ ಹಳೆಯ ಬೆಲೆ ನೋಡಿ. ಅಲ್ಲಿನ ಗೆರೆ ಮೆಟ್ಟಿಲಿನ ಹಾಗೆ ಇಳಿದಿರುತ್ತದೆ. ಹೋದ ಸೇಲ್‌ನಲ್ಲಿ ಅರ್ಧಕ್ಕೆ ಇಳಿದದ್ದು ಈ ಸಲ 30 ಪರ್ಸೆಂಟ್ ಮಾತ್ರ ಕಡಿತ ಅಂದರೆ ಸುಮ್ನೆ ಕೂರಿ. ನನ್ನ ಹತ್ತಿರ ಒಂದು ಚಿಕ್ಕ ನೋಟ್‌ಬುಕ್ ಇದೆ. ಗೇಮ್ ಹೆಸರು, ಆಸೆಯಾದ ತಾರೀಖು, ನಾನು ಕೊಡಲು ಒಪ್ಪುವ ಬೆಲೆ, ಇಷ್ಟೇ ಬರೆಯುತ್ತೇನೆ. ಮೂರು ತಿಂಗಳು ಬಿಟ್ಟು ತಿರುವಿದರೆ ಅರ್ಧ ಹೆಸರು ಯಾಕೆ ಬರೆದೆ ಅಂತಲೇ ನೆನಪಿರುವುದಿಲ್ಲ.

ಅಲ್ಲಾ, ಗೇಮ್ ಮಾಡುವವರೂ ಬದುಕಬೇಡವಾ ಅಂತ ಕೇಳಬಹುದು. ನ್ಯಾಯವಾದ ಮಾತು. ಅಮೆರಿಕದಲ್ಲಿ ದೊಡ್ಡ ಗೇಮ್‌ಗಳ ಬೆಲೆ ಸುಮಾರು ಹದಿನೈದು ವರ್ಷ 60 ಡಾಲರ್‌ನಲ್ಲೇ ನಿಂತಿತ್ತು, 2020ರಲ್ಲಿ 70 ಆಯಿತು. ಅಷ್ಟು ವರ್ಷದಲ್ಲಿ ಖರ್ಚು ಏರಿಲ್ಲ ಅಂತ ನಾನು ಹೇಳುವುದಿಲ್ಲ. 2025ರಲ್ಲಿ ನಿಂಟೆಂಡೊ ಮಾರಿಯೊ ಕಾರ್ಟ್ ವರ್ಲ್ಡ್‌ಗೆ 80 ಡಾಲರ್ ಇಟ್ಟಿತು. ಮೈಕ್ರೋಸಾಫ್ಟ್ ಕೂಡ ದಿ ಔಟರ್ ವರ್ಲ್ಡ್ಸ್ 2ಗೆ 80 ಅಂತ ಹೇಳಿ, ಜನ ಬೈದ ಮೇಲೆ ಬಿಡುಗಡೆಗೆ ಮುಂಚೆಯೇ 70ಕ್ಕೆ ಇಳಿಸಿತು. ಬೈದರೆ ಇಳಿಯುತ್ತದೆ ಅಂದರೆ ಆ ಬೆಲೆ ಬರೀ ಖರ್ಚಿನ ಲೆಕ್ಕದಿಂದ ಬಂದಿದ್ದಲ್ಲ, ಅಲ್ವಾ? ಅದಕ್ಕಿಂತ ನನ್ನ ತಕರಾರು ಬೇರೆ. ಪೂರ್ತಿ ಬೆಲೆ ತೆಗೆದುಕೊಂಡು, ಗೇಮ್ ಒಳಗೆ ಹೋದರೆ ಅಲ್ಲೂ ದುಡ್ಡು ಕೇಳುವ ಒಂದು ಅಂಗಡಿ. ಸಿನಿಮಾ ಟಿಕೆಟ್ ಕೊಂಡ ಮೇಲೆ ಕ್ಲೈಮ್ಯಾಕ್ಸ್‌ಗೆ ಬೇರೆ ಚೀಟಿ ಹರಿದ ಹಾಗೆ.

ಆದ್ದರಿಂದ ಒಂದು ವಿನಾಯಿತಿ ಇಟ್ಟುಕೊಂಡಿದ್ದೇನೆ. ಚಿಕ್ಕ ತಂಡ, ಪೂರ್ತಿ ಗೇಮ್, ಮರ್ಯಾದಸ್ಥ ಬೆಲೆ ಇದ್ದರೆ ಮೊದಲ ದಿನವೇ ಕೊಳ್ಳುತ್ತೇನೆ. ಆಸ್ಟ್ರೇಲಿಯಾದ ಟೀಮ್ ಚೆರ‍್ರಿ 2025ರ ಸೆಪ್ಟೆಂಬರ್ 4ರಂದು ಸಿಲ್ಕ್‌ಸಾಂಗ್ ಅನ್ನುವ ಗೇಮ್ ಬಿಟ್ಟಾಗ ಬೆಲೆ 20 ಡಾಲರ್. ಪ್ರೀ ಆರ್ಡರ್ ಇರಲಿಲ್ಲ. ನುಗ್ಗಿದ ಜನಕ್ಕೆ ಸ್ಟೀಮ್ ಸೇರಿ ಹಲವು ಸ್ಟೋರ್‌ಗಳೇ ತಡವರಿಸಿದವು.

ಕಮ್ಮಿ ಬೆಲೆಗೆ ಕೀ, ಅಂದರೆ ಗೇಮ್ ಪಡೆಯುವ ಕೋಡ್, ಮಾರುವ ಎಲ್ಲಿಯದೋ ಸೈಟ್‌ಗಳಿಗೆ ಹೋಗಬೇಡಿ. ನಾನು ಒಂದು ಕಡೆ ಕೊಂಡ ಕೀ ಎರಡು ತಿಂಗಳಿಗೆ ರದ್ದಾಯಿತು. ಕೇಳೋಣ ಅಂದರೆ ಮಾರಿದವನೇ ಇಲ್ಲ. ಪುಕ್ಕಟೆ ಬೇಕಿದ್ದರೆ ಎಪಿಕ್ ಸ್ಟೋರ್‌ನಲ್ಲಿ ಪ್ರತಿ ಗುರುವಾರ ರಾತ್ರಿ ಹೊಸ ಗೇಮ್ ಸಿಗುತ್ತದೆ. 2020ರ ಮೇ ತಿಂಗಳಲ್ಲಿ ಜಿಟಿಎ 5 ಅನ್ನೇ ಕೊಟ್ಟರು, ಅವತ್ತು ಸೈಟ್ ಗಂಟೆಗಟ್ಟಲೆ ಮಲಗಿತ್ತು. ನನ್ನ ಎಪಿಕ್ ಲೈಬ್ರರಿಯಲ್ಲಿ ನೂರಕ್ಕೂ ಜಾಸ್ತಿ ಗೇಮ್ ಇವೆ. ಆಡಿದ್ದು ನಾಲ್ಕು.

ದುಡ್ಡು ಕೊಡುವ ಮುಂಚೆ ಇನ್ನೊಂದು ನೋಡಿ: ಇಂಟರ್‌ನೆಟ್ ಇಲ್ಲದೆ ಈ ಗೇಮ್ ತೆರೆಯುತ್ತದಾ? ದಿ ಕ್ರೂ ಅನ್ನುವ ಕಾರ್ ರೇಸಿಂಗ್ ಗೇಮ್ ಒಬ್ಬರೇ ಆಡಿದರೂ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ಕ್ಕೆ ಅದರ ಕಂಪನಿ ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಕೊಂಡವರ ಡಿಸ್ಕ್ ಅವತ್ತಿಗೆ ಕಾಫಿ ಲೋಟದ ಕೆಳಗಿಡುವ ತಟ್ಟೆ ಆಯಿತು. ಅಲ್ಲಿಂದಲೇ 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಚಳವಳಿ ಶುರುವಾಗಿ, ಯೂರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ನಾವು ಕೊಳ್ಳುವುದು ಗೇಮ್ ಅಲ್ಲ, ಆಡುವ ಲೈಸೆನ್ಸ್ ಅಂತ ಸ್ಟೀಮ್ ಈಗ ಕಾರ್ಟ್‌ನಲ್ಲೇ ಬರೆಯುತ್ತದೆ. ಹಾಗಾಗಿ ಮತ್ತೆ ಮತ್ತೆ ಆಡುತ್ತೇನೆ ಅನಿಸುವ ಗೇಮ್‌ಗಳನ್ನು ಜಿಒಜಿ ಅನ್ನುವ ಇನ್ನೊಂದು ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುತ್ತೇನೆ. ಅಲ್ಲಿ ಡಿಆರ್‌ಎಂ (ನಕಲು ತಡೆಯುವ ಬೀಗ) ಇರುವುದಿಲ್ಲ, ಇನ್‌ಸ್ಟಾಲರ್ ಫೈಲ್ ಕೈಗೆ ಸಿಗುತ್ತದೆ. ಎಸ್.ಪಿ. ರೋಡ್‌ನಲ್ಲಿ ತಂದ ಒಂದು ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ವಿಚರ್ 3 ಇದೆ. ಅದನ್ನು ಯಾರೂ ದೂರದಿಂದ ಆರಿಸಲು ಆಗುವುದಿಲ್ಲ.

ಕೊನೆಗೆ, ಕೊಂಡಿದ್ದನ್ನು ಮನೆಯವರ ಜೊತೆ ಹಂಚಿಕೊಳ್ಳಿ. ಸ್ಟೀಮ್ ಫ್ಯಾಮಿಲೀಸ್‌ನಲ್ಲಿ ಒಂದೇ ಮನೆಯ ಆರು ಜನ ಸೇರಬಹುದು. ಅಕ್ಕನ ಮಗ ಪಿಯುಸಿಗೆ ಅಂತ ನಮ್ಮ ಮನೆಯಲ್ಲೇ ಇದ್ದಾನೆ. ನನ್ನ ಗೇಮ್ ಅವನು ಆಡುತ್ತಿರುವಾಗ ನಾನು ಬೇರೊಂದು ಆಡಬಹುದು. ಸೇರಿಸುವ ಮುಂಚೆ ಯೋಚಿಸಿ, ಬಿಟ್ಟು ಹೋದವರು ಇನ್ನೊಂದು ಫ್ಯಾಮಿಲಿಗೆ ಸೇರಬೇಕಾದರೆ ಮೊದಲನೆಯದಕ್ಕೆ ಸೇರಿದ ದಿನದಿಂದ ಒಂದು ವರ್ಷ ಆಗಿರಬೇಕು. ನಿಮ್ಮ ಗೇಮ್‌ನಲ್ಲಿ ಅವರು ಚೀಟ್ ಮಾಡಿ ಸಿಕ್ಕಿಬಿದ್ದರೆ ಬ್ಯಾನ್ ನಿಮಗೂ ಬೀಳುತ್ತದೆ. ಹುಡುಗನಿಗೆ ಇದನ್ನು ಎರಡು ಸಲ ಹೇಳಿದ್ದೇನೆ. 'ಆಯ್ತು ಮಾಮ' ಅಂದ, ಸ್ಕ್ರೀನ್‌ನಿಂದ ಕಣ್ಣು ತೆಗೆಯದೆ.