ಕೊನೆಯ ಸೀಟು ಯಾರಿಗೆ: ಉತ್ತರ ಐರ್ಲೆಂಡಿನ ವರ್ಗಾವಣೆ ಮತಗಳನ್ನು ನಾನು ಲೆಕ್ಕ ಹಾಕಿದ ಬಗೆ

ಉತ್ತರ ಐರ್ಲೆಂಡಿನ 2017ರ ಅಸೆಂಬ್ಲಿ ಚುನಾವಣೆಯ ಫಲಿತಾಂಶದಲ್ಲಿ ಎರಡು ಸಾಲು ನೋಡಿ. ಅಲ್ಸ್ಟರ್ ಯೂನಿಯನಿಸ್ಟ್ ಪಾರ್ಟಿ, ಅಂದರೆ ಯುಯುಪಿಗೆ ಶೇ 12.9ರಷ್ಟು ಪ್ರಥಮ ಪ್ರಾಶಸ್ತ್ಯದ ಮತ ಬಂತು. ಸೀಟು 10. ಎಸ್‌ಡಿಎಲ್‌ಪಿ ಅನ್ನೋ ಇನ್ನೊಂದು ಪಕ್ಷಕ್ಕೆ ಶೇ 11.9ರಷ್ಟು ಮತ ಬಂತು. ಸೀಟು 12. ಮತ ಕಡಿಮೆ, ಸೀಟು ಜಾಸ್ತಿ.

ಕೆಲಸಕ್ಕೆ ಅಂತ ಬೆಲ್‌ಫಾಸ್ಟ್‌ಗೆ ಬಂದ ನನಗೆ ಇಲ್ಲಿಯ ರಾಜಕೀಯದ ಒಳಗೆ ದಾರಿ ತೋರಿಸಿದ್ದು ಈ ಎರಡು ಸಾಲು. ನನ್ನ ಉದ್ಯೋಗವೇ ಅಂಕಿ-ಅಂಶದ್ದು. ಇದಕ್ಕೆ ಕಾರಣ ಕಂಡುಹಿಡಿಯಲೇಬೇಕು ಅನ್ನಿಸಿತು. ಆಮೇಲೆ ಪ್ರತಿ ಕ್ಷೇತ್ರದ ಎಣಿಕೆ ಪಟ್ಟಿ ಇಳಿಸಿಕೊಂಡು ನನ್ನದೇ ಒಂದು ಕೋಷ್ಟಕ ಕಟ್ಟಿದೆ. 2023ರಲ್ಲಿ ಒಬ್ಬ ಅಭ್ಯರ್ಥಿಯ ಪರವಾಗಿ ಎಣಿಕೆ ಏಜೆಂಟ್ ಆಗಿಯೂ ನಿಂತೆ. ಕಾಮನ್‌ವೆಲ್ತ್ ದೇಶದವರು ಕಾನೂನುಬದ್ಧವಾಗಿ ಇಲ್ಲಿ ವಾಸವಿದ್ದರೆ ಮತ ಹಾಕಬಹುದು. ಹಾಗಾಗಿ ನಮ್ಮಂಥ ಭಾರತೀಯರಿಗೂ ಈ ಲೆಕ್ಕ ಹೊರಗಿನದಲ್ಲ.

ಮೊದಲು ಪಕ್ಷಗಳ ವಿಷಯ. ಬ್ರಿಟನ್ ಜೊತೆಯೇ ಇರಬೇಕು ಅನ್ನುವವರು ಯೂನಿಯನಿಸ್ಟರು. ಅವರಲ್ಲಿ ಡಿಯುಪಿ ದೊಡ್ಡದು, ಯುಯುಪಿ ಮೃದು, ಟಿಯುವಿ ತುಂಬ ಕಟು. ಐರ್ಲೆಂಡ್ ಒಂದಾಗಬೇಕು ಅನ್ನುವವರು ನ್ಯಾಶನಲಿಸ್ಟರು. ಅವರಲ್ಲಿ ಶಿನ್ ಫೇನ್ ದೊಡ್ಡದು, ಎಸ್‌ಡಿಎಲ್‌ಪಿ ಮೃದು. ಎರಡೂ ಬಣಕ್ಕೆ ಸೇರದ ಅಲಯನ್ಸ್ ಮತ್ತು ಗ್ರೀನ್ ನಡುವೆ ಇವೆ. ಅಸೆಂಬ್ಲಿಗೆ 18 ಕ್ಷೇತ್ರ. 2017ರಿಂದ ಒಂದೊಂದಕ್ಕೆ 5 ಸೀಟು, ಒಟ್ಟು 90. ಅದಕ್ಕೆ ಮುಂಚೆ ಕ್ಷೇತ್ರಕ್ಕೆ 6ರಂತೆ 108 ಇತ್ತು.

ಮತದಾರ 1, 2, 3 ಅಂತ ಅಂಕಿ ಬರೆಯುತ್ತಾನೆ. ನಮ್ಮಲ್ಲಿ ವಿಧಾನ ಪರಿಷತ್ತಿನ ಪದವೀಧರ ಅಥವಾ ಶಿಕ್ಷಕರ ಕ್ಷೇತ್ರದಲ್ಲಿ ಮತ ಹಾಕಿದವರಿಗೆ ಇದು ಗೊತ್ತಿರುತ್ತೆ. ನಮ್ಮಪ್ಪ ಮೇಷ್ಟ್ರಾಗಿದ್ದರು. ಪ್ರಾಶಸ್ತ್ಯದ ಮತ ಅನ್ನೋ ಮಾತು ನಾನು ಮೊದಲು ಕೇಳಿದ್ದು ಅವರಿಂದಲೇ. ಆದರೆ ಅಲ್ಲಿ ಗೆಲ್ಲುವವರು ಒಬ್ಬರೇ. ಇಲ್ಲಿ ಐದು ಜನ. ಆಟ ಪೂರ್ತಿ ಬದಲಾಗೋದು ಇಲ್ಲೇ.

ಗೆಲ್ಲಲು ಕೋಟಾ ಮುಟ್ಟಬೇಕು. ಸಿಂಧು ಮತವನ್ನು ಸೀಟಿಗಿಂತ ಒಂದು ಹೆಚ್ಚಿನ ಸಂಖ್ಯೆಯಿಂದ, ಅಂದರೆ 6ರಿಂದ, ಭಾಗಿಸಿ ಒಂದು ಕೂಡಿಸಿದರೆ ಕೋಟಾ. ಸುಮಾರು ಆರರಲ್ಲಿ ಒಂದು ಪಾಲು. ಉದಾಹರಣೆಗೆ ಕೋಟಾ 7,200, ಒಬ್ಬರಿಗೆ 9,000 ಮತ ಬಂದಿದೆ ಅಂತ ಇಟ್ಟುಕೊಳ್ಳಿ. ಹೆಚ್ಚುವರಿ 1,800. ಆ 9,000 ಪೇಪರಿನಲ್ಲೂ ಮುಂದಿನ ಆಯ್ಕೆ ಬರೆದಿದ್ದರೆ ಎಲ್ಲವೂ ಮುಂದೆ ಹೋಗುತ್ತವೆ, ಒಂದೊಂದರ ಬೆಲೆ 0.20. ಈ ಲೆಕ್ಕ ಎರಡು ದಶಮಾಂಶ ಸ್ಥಾನಕ್ಕೆ ನಿಲ್ಲುತ್ತೆ. ನಮ್ಮ ರಾಜ್ಯಸಭೆ ಚುನಾವಣೆಯಲ್ಲಿ ಒಂದು ಮತಕ್ಕೆ 100 ಮೌಲ್ಯ ಕೊಡುತ್ತಾರಲ್ಲ, ಅದೂ ಇದೇ ಕೆಲಸಕ್ಕೇ. ಯಾರಿಗೂ ಕೋಟಾ ಸಿಗದ ಸುತ್ತಿನಲ್ಲಿ ಕೆಳಗಿರುವವರನ್ನು ಕೈಬಿಟ್ಟು ಅವರ ಪೇಪರುಗಳನ್ನು ಮುಂದಿನ ಆಯ್ಕೆಗೆ ಹಂಚುತ್ತಾರೆ. ಹೀಗೆ ಒಬ್ಬರಿಂದ ಇನ್ನೊಬ್ಬರಿಗೆ ಮತ ಹೋಗೋದೇ ವರ್ಗಾವಣೆ. ಮುಂದೆ ಅಂಕಿಯೇ ಇಲ್ಲದಿದ್ದರೆ ಆ ಪೇಪರು ಅಲ್ಲಿಗೆ ನಿಂತಿತು.

ನಾನು ಕೋಷ್ಟಕ ಕಟ್ಟಿದ್ದು ಹೀಗೆ. ಚುನಾವಣಾ ಕಚೇರಿ ಪ್ರತಿ ಕ್ಷೇತ್ರಕ್ಕೂ ಸುತ್ತುವಾರು ಪಟ್ಟಿ ಪ್ರಕಟಿಸುತ್ತೆ. ಪ್ರತಿ ಸುತ್ತಿಗೂ ಒಂದು ಸಾಲು ಮಾಡಿದೆ. ಯಾರ ಮತ ಹೊರಟಿತು, ಎಷ್ಟು, ಯಾರಿಗೆ ಎಷ್ಟು ಹೋಯಿತು, ಎಷ್ಟು ನಿಂತುಹೋಯಿತು. ಇಷ್ಟನ್ನು ಯಾರಾದರೂ ಮಾಡುತ್ತಾರೆ. ಇದರ ಮೇಲೆ ಶೇಕಡಾ ತೆಗೆದು "ಶಿನ್ ಫೇನ್ ಮತದಾರರಲ್ಲಿ ಇಷ್ಟು ಜನ ಎಸ್‌ಡಿಎಲ್‌ಪಿಗೆ ಕೊಡುತ್ತಾರೆ" ಅಂತ ಹೇಳಿದರೆ ಮಾತ್ರ ಅದು ಸುಳ್ಳಾಗುತ್ತೆ. ಯಾಕೆಂದರೆ ಆ ಹೊತ್ತಿಗೆ ಕಣದಲ್ಲಿ ಯಾರಿದ್ದರು ಅನ್ನೋದು ಮುಖ್ಯ. ಶಿನ್ ಫೇನಿನ ಇನ್ನೊಬ್ಬ ಅಭ್ಯರ್ಥಿ ಉಳಿದಿದ್ದರೆ ಹೆಚ್ಚಿನ ಪಾಲು ಪಕ್ಷದೊಳಗೇ ಹೋಗುತ್ತೆ. ಎಸ್‌ಡಿಎಲ್‌ಪಿ ಆಗಲೇ ಔಟಾಗಿದ್ದರೆ ಅದಕ್ಕೆ ಸೊನ್ನೆ. ಆ ಸೊನ್ನೆಗೂ ಮತದಾರನ ಮನಸ್ಸಿಗೂ ಸಂಬಂಧವೇ ಇಲ್ಲ.

ಅದಕ್ಕೇ ಪ್ರತಿ ಸಾಲಿಗೂ "ಆಗ ಕಣದಲ್ಲಿ ಉಳಿದವರು" ಅನ್ನೋ ಕಾಲಂ ಸೇರಿಸಿದೆ. ನನ್ನ ಇಡೀ ಕೆಲಸದಲ್ಲಿ ತುಂಬ ಬೆಲೆಯುಳ್ಳ ಕಾಲಂ ಅದೇ. ಆಮೇಲೆ ಸಾಲುಗಳನ್ನು ಜರಡಿ ಹಿಡಿದೆ. ಒಂದು ಪಕ್ಷದ ಕೊನೆಯ ಅಭ್ಯರ್ಥಿ ಹೊರಬಿದ್ದ ಸುತ್ತುಗಳನ್ನು ಬೇರೆ ಇಟ್ಟೆ. ಅಲ್ಲಿ ಮತದಾರ ತನ್ನ ಪಕ್ಷ ದಾಟಿ ಎಲ್ಲಿಗೆ ಹೋದ ಅನ್ನೋದು ನೇರವಾಗಿ ಕಾಣುತ್ತೆ. ಅವುಗಳಲ್ಲೂ ಬೇಗ ಹೊರಬಿದ್ದವರ ಸುತ್ತುಗಳಿಗೆ ಹೆಚ್ಚು ತೂಕ ಕೊಟ್ಟೆ. ತಡವಾಗಿ ಹೊರಬೀಳುವವರ ಗಂಟಿನಲ್ಲಿ ಬೇರೆ ಪಕ್ಷದವರಿಂದ ಮೊದಲೇ ಬಂದ ಪೇಪರುಗಳು ಬೆರೆತಿರುತ್ತವೆ. ಅದನ್ನು ಶುದ್ಧ ಎಸ್‌ಡಿಎಲ್‌ಪಿ ಮತ ಅಥವಾ ಶುದ್ಧ ಯುಯುಪಿ ಮತ ಅಂತ ಓದೋಕೆ ಆಗಲ್ಲ.

ಹೀಗೆ ಸೋಸಿದ ಮೇಲೆ ಚಿತ್ರ ಸ್ಪಷ್ಟವಾಯಿತು. ಮತ ಮೊದಲು ಪಕ್ಷದೊಳಗೆ ಓಡುತ್ತೆ. ಆಮೇಲೆ ಬಣದೊಳಗೆ. ಆಮೇಲೆ ನಡುವಿನವರಿಗೆ. ಗೋಡೆ ದಾಟಿ ಎದುರು ಬಣಕ್ಕೆ ಹೋಗೋದು ಚಿಕ್ಕ ಪಾಲು. ಮೊದಲ ಮೂರು ನಾಲ್ಕು ಸೀಟು ಸಾಮಾನ್ಯವಾಗಿ ಬಣದ ಬಲದ ಮೇಲೆಯೇ ತೀರ್ಮಾನವಾಗುತ್ತವೆ. ಐದನೇ ಸೀಟಿನಲ್ಲಿ ಮಾತ್ರ ಆ ಚಿಕ್ಕ ಪಾಲಿಗೆ ಭಾರಿ ಬೆಲೆ. ಅಲ್ಲಿ ಇಬ್ಬರ ನಡುವಿನ ಅಂತರವೇ ಕೆಲವು ನೂರು ಮತ ಇರುತ್ತೆ. ಅಷ್ಟೇ ಮುಖ್ಯವಾದದ್ದು ನಿಂತುಹೋದ ಪೇಪರುಗಳು. ಕಟ್ಟಾ ಬೆಂಬಲಿಗ ತನ್ನವರಿಗೆ ಮಾತ್ರ ಅಂಕಿ ಹಾಕಿ ಪೆನ್ಸಿಲ್ ಕೆಳಗಿಟ್ಟರೆ, ಕೊನೆಯ ಸೀಟಿನ ನಿರ್ಧಾರವನ್ನು ಉಳಿದವರ ಕೈಗೆ ಕೊಟ್ಟ ಹಾಗೆ. "ವಾಂತಿ ಬರೋವರೆಗೂ ಅಂಕಿ ಹಾಕು" ಅನ್ನೋ ಮಾತು ಇಲ್ಲಿ ಚುನಾವಣೆ ಸಮಯದಲ್ಲಿ ಓಡಾಡುತ್ತೆ. ಲೆಕ್ಕದ ದೃಷ್ಟಿಯಿಂದ ಅದು ಅಪ್ಪಟ ನಿಜ.

2017ಕ್ಕೆ ಬರೋಣ. ಆಗ ಯುಯುಪಿಯ ನಾಯಕ ಮೈಕ್ ನೆಸ್ಬಿಟ್. ತನ್ನ ಪಕ್ಷದವರಿಗೆ ಹಾಕಿದ ಮೇಲೆ ಮುಂದಿನ ಪ್ರಾಶಸ್ತ್ಯವನ್ನು ಎಸ್‌ಡಿಎಲ್‌ಪಿಗೆ ಕೊಡುತ್ತೇನೆ ಅಂತ ಅವರು ಬಹಿರಂಗವಾಗಿ ಹೇಳಿದರು. ಯೂನಿಯನಿಸ್ಟ್ ಪಕ್ಷದ ನಾಯಕನೊಬ್ಬ ಹೀಗೆ ಹೇಳೋದು ಸಣ್ಣ ವಿಷಯವಲ್ಲ. ಸ್ವಂತ ಪಕ್ಷದಲ್ಲೇ ಹಲವರು ಸಿಟ್ಟಾದರು. ಫಲಿತಾಂಶ ಬಂದಾಗ ಅವರು ನಾಯಕತ್ವ ಬಿಟ್ಟರು. ಆದರೆ ಯುಯುಪಿಯ ಒಂದಿಷ್ಟು ಮತದಾರರು ನಿಜವಾಗಿಯೂ ಗೋಡೆ ದಾಟಿದ್ದರು. ಲಗನ್ ವ್ಯಾಲಿ ಯೂನಿಯನಿಸ್ಟರ ಗಟ್ಟಿ ನೆಲ. ಅಲ್ಲಿ ಎಸ್‌ಡಿಎಲ್‌ಪಿಯ ಪ್ಯಾಟ್ ಕ್ಯಾಟ್ನಿ ಅರ್ಧ ಕೋಟಾದಷ್ಟು ಮತದಿಂದ ಶುರುಮಾಡಿ ಬೇರೆ ಬೇರೆ ಕಡೆಯಿಂದ ಬಂದ ವರ್ಗಾವಣೆಗಳಿಂದ ಗೆದ್ದರು. ಡಿಯುಪಿಯ ಬ್ರೆಂಡಾ ಹೇಲ್ ಸೀಟು ಕಳೆದುಕೊಂಡರು. ನೆಸ್ಬಿಟ್ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಈ ವ್ಯಾಪಾರದಲ್ಲಿ ಎರಡೂ ಕಡೆಗೆ ಸಮ ಲಾಭ ಆಗಲಿಲ್ಲ ಅನ್ನೋದನ್ನೂ ಕೋಷ್ಟಕ ತೋರಿಸುತ್ತೆ.

2022ರ ಮೇ 5ರ ಚುನಾವಣೆ ಇನ್ನೂ ಸ್ವಾರಸ್ಯದ್ದು. ಶಿನ್ ಫೇನ್‌ಗೆ 27 ಸೀಟು, ಡಿಯುಪಿಗೆ 25. ಶಿನ್ ಫೇನ್ ಮೊದಲ ಸಲ ಅತಿದೊಡ್ಡ ಪಕ್ಷವಾಯಿತು. ಸುದ್ದಿಯಾಗಿದ್ದು ಅದು. ನನ್ನ ಕಣ್ಣು ಹೋಗಿದ್ದು ಟಿಯುವಿ ಮತ್ತು ಅಲಯನ್ಸ್ ಸಾಲುಗಳಿಗೆ. ಟಿಯುವಿಗೆ 65 ಸಾವಿರಕ್ಕೂ ಹೆಚ್ಚು ಪ್ರಥಮ ಮತ ಬಂತು, ಶೇ 7.6. ಗೆದ್ದಿದ್ದು ನಾಯಕ ಜಿಮ್ ಅಲಿಸ್ಟರ್ ಒಬ್ಬರೇ. ಅಲಯನ್ಸ್‌ಗೆ ಶೇ 13.5, ಸೀಟು 17. ಮತ ಎರಡು ಪಟ್ಟಿಗೂ ಕಡಿಮೆ, ಸೀಟು ಹದಿನೇಳು ಪಟ್ಟು!

ಯಾಕೆ ಹೀಗೆ? ಟಿಯುವಿಯನ್ನು ಮೆಚ್ಚಿದವರು ಗಟ್ಟಿಯಾಗಿ ಮೆಚ್ಚಿ 1 ಬರೆದರು. ಉಳಿದವರು ಅದಕ್ಕೆ 3, 4, 5 ಬರೆಯಲೂ ಒಪ್ಪಲಿಲ್ಲ. ಅಲಯನ್ಸ್‌ದು ತಿರುಗುಮುರುಗು. ಗ್ರೀನ್ ಮತದಾರ, ಎಸ್‌ಡಿಎಲ್‌ಪಿ ಮತದಾರ, ಯುಯುಪಿಯ ಮೃದು ಮತದಾರ, ಯೂನಿಯನಿಸ್ಟ್ ಪ್ರದೇಶದ ಶಿನ್ ಫೇನ್ ಮತದಾರ, ಎಲ್ಲರೂ ಎಲ್ಲೋ ಒಂದು ಕಡೆ ಅದಕ್ಕೆ ಅಂಕಿ ಕೊಟ್ಟರು. ಸ್ಟ್ರಾಂಗ್‌ಫರ್ಡ್‌ನಲ್ಲಿ ಟಿಯುವಿ ಅಭ್ಯರ್ಥಿ ಮೊದಲ ಸುತ್ತಿನಲ್ಲಿ ಅಲಯನ್ಸ್‌ನ ಎರಡನೇ ಅಭ್ಯರ್ಥಿ ನಿಕ್ ಮ್ಯಾಥಿಸನ್‌ಗಿಂತ ಬಹಳ ಮುಂದಿದ್ದರು. ಕೊನೆಗೆ ಮ್ಯಾಥಿಸನ್ ಗೆದ್ದರು, ಟಿಯುವಿ ಸೋತಿತು. ಡಿಯುಪಿ ಕಟ್ಟಿದ ಪೈಸ್ಲಿ ಕುಟುಂಬದ ಕೋಟೆ ಎನಿಸಿದ್ದ ನಾರ್ತ್ ಆಂಟ್ರಿಮ್‌ನಲ್ಲೂ ಅಲಯನ್ಸ್‌ನ ಪೆಟ್ರೀಷಿಯಾ ಓಲಿನ್ ಗೆದ್ದು ಡಿಯುಪಿಯ ಹಿರಿಯ ಮರ್ವಿನ್ ಸ್ಟೋರಿ ಮನೆಗೆ ಹೋದರು.

ಹಾಗಾದರೆ ಟಿಯುವಿ ಮತಗಳು ದಂಡವಾದವಾ? ಇಲ್ಲ. ಡಿಯುಪಿಯ ಪ್ರಥಮ ಮತ ಶೇ 28.1ರಿಂದ 21.3ಕ್ಕೆ ಕುಸಿಯಿತು. ಆದರೆ ಹೋದ ಸೀಟು ಮೂರೇ. ಟಿಯುವಿ ಅಭ್ಯರ್ಥಿಗಳು ಹೊರಬಿದ್ದಾಗ ಅವರ ಮತಗಳಲ್ಲಿ ದೊಡ್ಡ ಪಾಲು ಡಿಯುಪಿಗೇ ಹಿಂತಿರುಗಿತು. ಡಿಯುಪಿ ಮೇಲೆ ಸಿಟ್ಟು ಮಾಡಿಕೊಂಡ ಮತದಾರ ತನ್ನ ಸಿಟ್ಟನ್ನು 1ರಲ್ಲಿ ಹೇಳಿ, 2ರಲ್ಲಿ ಬಣ ಉಳಿಸಿಕೊಂಡ. ಈ ಪದ್ಧತಿಯ ದೊಡ್ಡ ಗುಣ ಇದು ಅಂತ ನನಗನ್ನಿಸುತ್ತೆ. ಮತ ಒಡೆದರೆ ಎದುರಾಳಿ ಗೆಲ್ಲುತ್ತಾನೆ ಅನ್ನೋ ಹೆದರಿಕೆ ಇಲ್ಲಿ ಕಡಿಮೆ.

ಹೆದರಿಕೆ ಪೂರ್ತಿ ಇಲ್ಲ ಅಂತಲ್ಲ. ತೀರಾ ಕಡಿಮೆ ಮತದಿಂದ ಶುರುಮಾಡಿದರೆ, ನಿಮಗೆ ಬರಬೇಕಾದ ವರ್ಗಾವಣೆ ತಲುಪೋ ಮೊದಲೇ ನೀವು ಔಟ್. ಎಲ್ಲರ ಎರಡನೇ ಆಯ್ಕೆಯಾದರೂ ಸಾಲದು, ಕಣದಲ್ಲಿ ಉಳಿಯಲು ಒಂದಷ್ಟು ಮೊದಲ ಆಯ್ಕೆ ಬೇಕು. 2022ರಲ್ಲಿ ಗ್ರೀನ್ ಪಕ್ಷ ತನ್ನ ಎರಡೂ ಸೀಟು ಕಳೆದುಕೊಂಡಿತು, ಆ ಎರಡೂ ಕ್ಷೇತ್ರದಲ್ಲಿ ಅಲಯನ್ಸ್ ಎರಡೆರಡು ಗೆದ್ದಿತು. ಅದೇ ವರ್ಷ ಲಗನ್ ವ್ಯಾಲಿಯಲ್ಲಿ ಕ್ಯಾಟ್ನಿ ಕೂಡ ಸೋತರು. ಅಲ್ಲೂ ಅಲಯನ್ಸ್‌ಗೆ ಎರಡು.

ಎಣಿಕೆ ಏಜೆಂಟ್ ಆಗಿ ನಿಂತಾಗ ಕಲಿತದ್ದು ಬೇರೆ ಥರದ್ದು. 2023ರ ಮೇ 18ರ ಸ್ಥಳೀಯ ಚುನಾವಣೆ, ಎಣಿಕೆ ಬೆಲ್‌ಫಾಸ್ಟ್ ಸಿಟಿ ಹಾಲ್‌ನಲ್ಲಿ. ಸಿಬ್ಬಂದಿ ಪೇಪರುಗಳನ್ನು ಬಿಚ್ಚಿ ಎಣಿಸುವಾಗ ನಾವು ಎದುರು ನಿಂತು ಕಣ್ಣಿಗೆ ಬಿದ್ದಷ್ಟಕ್ಕೆ ಗೆರೆ ಹಾಕಬೇಕು. ಎಲ್ಲರೂ 1 ಯಾರಿಗೆ ಅಂತಷ್ಟೇ ಬರೆದುಕೊಳ್ಳುತ್ತಿದ್ದರು. ನಾನು ನಮ್ಮ ಅಭ್ಯರ್ಥಿಗೆ 2 ಅಥವಾ 3 ಕೊಟ್ಟ ಪೇಪರುಗಳಲ್ಲಿ 1 ಯಾರಿಗೆ ಹೋಗಿದೆ ಅಂತ ಹುಡುಕಿದೆ. ಕಷ್ಟದ ಕೆಲಸ, ಕೈ ಓಡಲ್ಲ, ಬಹಳ ಪೇಪರು ತಪ್ಪಿಹೋಗುತ್ತವೆ. ಆದರೂ ಬೇರೆ ಬೇರೆ ಪೆಟ್ಟಿಗೆಗಳಿಂದ ಸ್ವಲ್ಪ ಸ್ವಲ್ಪ ಸಿಕ್ಕರೆ ಸಾಕು. ಮೊದಲ ಸುತ್ತು ಘೋಷಣೆಯಾಗುವ ಹೊತ್ತಿಗೆ ಅಭ್ಯರ್ಥಿಗೆ ಹೇಳುವಂಥ ಅಂದಾಜು ನನ್ನ ಬಳಿ ಇತ್ತು: ನಿಮ್ಮ ಹಿಂದಿರುವವರಲ್ಲಿ ಯಾರು ಬೇಗ ಹೊರಬಿದ್ದರೆ ನಿಮಗೆ ಒಳ್ಳೆಯದು, ಯಾರು ಉಳಿದರೆ ಕಷ್ಟ. ಹೊರಬೀಳುವ ಸರದಿ ಬದಲಾದರೆ ಫಲಿತಾಂಶವೇ ಬದಲಾಗಬಹುದು ಅನ್ನೋದು ಅಲ್ಲಿ ನಿಂತವರಿಗೆ ಚೆನ್ನಾಗಿ ಅರ್ಥವಾಗುತ್ತೆ.

ಮನೆ ಮನೆಗೆ ಹೋಗಿ ಮಾತಾಡುವಾಗಲೂ ಇದು ಉಪಯೋಗಕ್ಕೆ ಬಂತು. ಬೇರೆ ಪಕ್ಷದ ಪೋಸ್ಟರ್ ಇರುವ ಮನೆಯನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ನಾನು ತಂಡಕ್ಕೆ ಹೇಳುತ್ತಿದ್ದೆ. "ನಿಮ್ಮ 1 ಅವರಿಗೇ ಇರಲಿ, 3 ನಮಗೆ ಕೊಡ್ತೀರಾ?" ಅಂತ ಕೇಳಿದರೆ ಬಾಗಿಲು ಹಾಕಿಕೊಳ್ಳುವವರು ಕಡಿಮೆ. ಹೀಗೆ ಕೇಳಬೇಕಾದರೆ ಎದುರು ಬಣವನ್ನು ಬಾಯಿಗೆ ಬಂದಂತೆ ಬೈದಿರಬಾರದು. ದಶಕಗಳ ರಕ್ತಪಾತ ಕಂಡ ಊರಿನಲ್ಲಿ ಇದಕ್ಕೆ ಎಷ್ಟು ಬೆಲೆಯಿದೆ ಅಲ್ವಾ?

ಈ ಪದ್ಧತಿ ಇಲ್ಲಿಗೆ ಹೊಸದೇನಲ್ಲ. 1921 ಮತ್ತು 1925ರ ಉತ್ತರ ಐರ್ಲೆಂಡ್ ಸಂಸತ್ತಿನ ಚುನಾವಣೆ ಹೀಗೇ ನಡೆದಿತ್ತು. 1929ಕ್ಕೆ ಜೇಮ್ಸ್ ಕ್ರೇಗ್ ಸರ್ಕಾರ ಅದನ್ನು ತೆಗೆದುಹಾಕಿತು. ಸಣ್ಣ ಪಕ್ಷಗಳೂ ಪಕ್ಷೇತರರೂ ಯೂನಿಯನಿಸ್ಟ್ ಮತ ಕಿತ್ತುಕೊಳ್ಳುತ್ತಿದ್ದದ್ದು ಅವರಿಗೆ ಬೇಕಿರಲಿಲ್ಲ. 1973ರಲ್ಲಿ ಪದ್ಧತಿ ವಾಪಸ್ ಬಂತು. ವೆಸ್ಟ್‌ಮಿನ್‌ಸ್ಟರ್, ಅಂದರೆ ಬ್ರಿಟನ್ ಸಂಸತ್ತಿನ ಚುನಾವಣೆಗೆ ಮಾತ್ರ ಇಂದಿಗೂ ನಮ್ಮ ಲೋಕಸಭೆಯ ಹಾಗೆ ಒಂದೇ ಮತ. ಅಲ್ಲಿ ವರ್ಗಾವಣೆ ಇಲ್ಲದ್ದರಿಂದ ಪಕ್ಷಗಳೇ ಮೊದಲು ಕೂತು ಲೆಕ್ಕ ಹಾಕುತ್ತವೆ. 2019ರಲ್ಲಿ ನಾರ್ತ್ ಬೆಲ್‌ಫಾಸ್ಟ್‌ನಲ್ಲಿ ಎಸ್‌ಡಿಎಲ್‌ಪಿ ಕಣಕ್ಕಿಳಿಯಲಿಲ್ಲ, ಶಿನ್ ಫೇನಿನ ಜಾನ್ ಫಿನುಕೇನ್ ಡಿಯುಪಿಯ ನೈಜೆಲ್ ಡಾಡ್ಸ್ ಅವರನ್ನು ಸೋಲಿಸಿದರು. ಮತದಾರ ಪೇಪರಿನಲ್ಲಿ ಮಾಡಬೇಕಾದ್ದನ್ನು ಅಲ್ಲಿ ಪಕ್ಷದ ಕಚೇರಿ ಮಾಡಿತು.

2022ರ ಜೂನ್‌ನಲ್ಲಿ, ಇಲ್ಲಿಯ ಫಲಿತಾಂಶದ ಮರು ತಿಂಗಳೇ, ಕರ್ನಾಟಕದ ನಾಲ್ಕು ರಾಜ್ಯಸಭಾ ಸೀಟಿಗೆ ಚುನಾವಣೆ ನಡೆಯಿತು. ನಾಲ್ಕನೇ ಸೀಟಿಗೆ ಕಾಂಗ್ರೆಸ್ ಎರಡನೇ ಅಭ್ಯರ್ಥಿಯನ್ನು ನಿಲ್ಲಿಸಿತು, ಜೆಡಿಎಸ್ ತನ್ನವರನ್ನು ನಿಲ್ಲಿಸಿತು. ಇಬ್ಬರೂ ಹಿಂದೆ ಸರಿಯಲಿಲ್ಲ. ಬಿಜೆಪಿಯ ಮೂರನೇ ಅಭ್ಯರ್ಥಿ ಲೆಹರ್ ಸಿಂಗ್ ಗೆದ್ದರು. ಬೆಂಗಳೂರಿನ ಗೆಳೆಯರು ಫೋನ್ ಮಾಡಿ "ಕೋಟಾ ಇಲ್ಲದೆ ಹೇಗೆ ಗೆದ್ದರು?" ಅಂತ ಕೇಳಿದಾಗ ನನ್ನ ಕೋಷ್ಟಕವನ್ನೇ ತೆರೆದು ವಿವರಿಸಿದೆ. ಕೊನೆಯ ಸೀಟಿಗೆ ಪೂರ್ತಿ ಕೋಟಾ ಬೇಕಾಗೋದೇ ಇಲ್ಲ. ಉಳಿದವರೆಲ್ಲ ಹೊರಬಿದ್ದ ಮೇಲೆ ನಿಂತಿದ್ದರೆ ಸಾಕು.

ಮುಂದಿನ ಅಸೆಂಬ್ಲಿ ಚುನಾವಣೆ 2027ರ ಮೇ ತಿಂಗಳಿಗೆ ಇದೆ. ಅಲಿಸ್ಟರ್ 2024ರಲ್ಲಿ ನಾರ್ತ್ ಆಂಟ್ರಿಮ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ಗೆದ್ದು ಹೋದರು. ಟಿಯುವಿಗೆ ಡಿಯುಪಿ ಮತದಾರರು ಈ ಸಲವಾದರೂ 2 ಕೊಡುತ್ತಾರಾ ಅನ್ನೋದು ನನ್ನ ಮೊದಲ ಪ್ರಶ್ನೆ. ಇಲ್ಲಿಯವರೆಗೆ ಹರಿವು ಹೆಚ್ಚಾಗಿ ಒಂದೇ ದಿಕ್ಕಿನದು. ಅದು ಎರಡೂ ಕಡೆ ಹರಿದರೆ ಸ್ಟ್ರಾಂಗ್‌ಫರ್ಡ್‌ನಂಥ ಕ್ಷೇತ್ರದ ಐದನೇ ಸೀಟು ಅಲಯನ್ಸ್ ಕೈಯಿಂದ ಜಾರಬಹುದು. ಶಿನ್ ಫೇನ್ ಮತದಾರರು ಎಸ್‌ಡಿಎಲ್‌ಪಿಗಿಂತ ಮೊದಲು ಅಲಯನ್ಸ್‌ಗೆ ಅಂಕಿ ಹಾಕುತ್ತಾರಾ ಅನ್ನೋದು ಎರಡನೇ ಪ್ರಶ್ನೆ. 18 ಕ್ಷೇತ್ರಕ್ಕೂ ಹೊಸ ಹಾಳೆ ಸಿದ್ಧ ಮಾಡಿ, 2022ರ ಸಾಲುಗಳ ಪಕ್ಕದಲ್ಲೇ ಖಾಲಿ ಕಾಲಂ ಇಟ್ಟಿದ್ದೇನೆ.